ಗಜಕರ್ಣ ಮೊದಲು ಯಾರಿಗಾಯಿತು?

"ಇದೇನಮ್ಮ?"

ಭಾಲ್ಕಿಯ ಒಂದು ಶಾಲೆಯ ಹಾಲ್. ಕುಸ್ತಿ ಸೆಲೆಕ್ಷನ್‌ಗೆ ಬಂದ ಹುಡುಗಿಯರು ತೂಕಕ್ಕೆ ಸಾಲು ನಿಂತಿದ್ದರು. ತೂಕದ ಯಂತ್ರದ ಪಕ್ಕ ಕೂತಿದ್ದ ಡಾಕ್ಟರ್ ಮೇಡಂ ಪಲ್ಲವಿಯ ಎಡಗೈ ಹಿಡಿದು, ಮೊಣಕೈ ಕೆಳಗೆ ತಿರುಗಿಸಿ ನೋಡುತ್ತಿದ್ದರು.

"ಬೆವರುಸಾಲಿರಿ ಮೇಡಂ," ಅಂದಳು ಪಲ್ಲವಿ.

ಡಾಕ್ಟರ್ ಕನ್ನಡಕ ಸರಿಮಾಡಿಕೊಂಡರು. ಕೂದಲು ಸರಿಸಿ ಕುತ್ತಿಗೆ ನೋಡಿದರು. ಅಲ್ಲೂ ಒಂದಿತ್ತು.

"ಬೆವರುಸಾಲಿ ಹಿಂಗ ಬಳಿ ಇಟ್ಟಂಗ ದುಂಡಗ ಬರೂದಿಲ್ಲಮ್ಮ. ಗಜಕರ್ಣ ಅದ. ಇವತ್ತು ನೀ ಆಡಂಗಿಲ್ಲ."

ಅವಳ ಜೊತೆಗೆ ಬಂದು ಹಿಂದೆಯೇ ನಿಂತಿದ್ದ ನಾನು ಏನು ಮಾಡಿದೆ ಗೊತ್ತೇ? ಸೆರಗನ್ನು ನನ್ನ ಎಡತೋಳಿನ ಮೇಲೆ ಎಳೆದುಕೊಂಡೆ. ಅಂಥದ್ದೇ ದುಂಡು ಗುರುತು ನನ್ನ ತೋಳಿನಲ್ಲೂ ಇತ್ತು. ನನ್ನದು ಅವಳದ್ದಕ್ಕಿಂತ ಒಂದು ತಿಂಗಳು ಹಿರಿಯದು.

ಈ ಅಂಕಣ ಓದುವವರಿಗೆ ನಾನು ಹೊಸಬಳಲ್ಲ. ಬೀದರಿನ ಚಿದ್ರಿಯಲ್ಲಿ ಮನೆ, ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ, ವಾರಕ್ಕೊಮ್ಮೆ ಇಲ್ಲಿ ಕೂತು ಊರಿಗೆಲ್ಲ ಬುದ್ಧಿವಾದ. ಆದರೆ ಕುಸ್ತಿಯ ವಿಷಯ ನಿಮಗೆ ಹೇಳಿರಲಿಲ್ಲ. ಹೇಗೆ ಹೇಳಲಿ? ನಲವತ್ತಾರು ವರ್ಷದ ಹೆಂಗಸು, ಟ್ರ್ಯಾಕ್‌ಪ್ಯಾಂಟ್ ಹಾಕಿಕೊಂಡು, ದಿನಾ ಬೆಳಿಗ್ಗೆ ಕಾಲೇಜು ಹುಡುಗಿಯರ ಕೈಯಲ್ಲಿ ಕೆಡವಿಸಿಕೊಳ್ಳುತ್ತಿದ್ದಾಳೆ ಅಂದರೆ ಸ್ಟಾಫ್‌ರೂಮಿನಲ್ಲಿ ನನ್ನ ಗತಿ ಏನು?

ಶುಗರ್ ಬಾರ್ಡರ್‌ಗೆ ಬಂದಿದೆ, ಮೈ ಬಗ್ಗಿಸಿ ಅಂದಿದ್ದರು ಡಾಕ್ಟರ್. ವಾಕಿಂಗ್ ಹೋದೆ, ನಾಲ್ಕೇ ದಿನಕ್ಕೆ ಬೇಜಾರಾಯಿತು. (ವಾಕಿಂಗ್‌ಗೆ ಬರುವವರೆಲ್ಲ ಸೊಸೆಯಂದಿರ ಸುದ್ದಿ ಹೇಳುತ್ತಾರೆ. ನನಗಿನ್ನೂ ಸೊಸೆ ಇಲ್ಲ.) ಆಗ ಯಾರೋ ಶಮೀಮ್ ಆಪಾ ಹೆಸರು ಹೇಳಿದರು. ಐವತ್ತು ದಾಟಿದ ಹೆಣ್ಣುಮಗಳು, ಅವರ ಅಪ್ಪ ಹಿಂದೆ ಕೆಂಪುಮಣ್ಣಿನ ತಾಲೀಮು, ಅಂದರೆ ಗರಡಿಮನೆ, ನಡೆಸುತ್ತಿದ್ದವರು. ಆಪಾ ಈಗ ಒಂದು ಹಳೆಯ ಹಾಲ್‌ನಲ್ಲಿ ಮ್ಯಾಟ್ ಹಾಸಿ ಹುಡುಗಿಯರಿಗೆ ಕುಸ್ತಿ ಕಲಿಸುತ್ತಾರೆ. ನಾನು ಹೋದದ್ದು ವ್ಯಾಯಾಮಕ್ಕೆ. ಆಪಾ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ತೂಕ ಕೇಳಿದರು. ಅಳುಕುತ್ತಲೇ ಅರವತ್ನಾಲ್ಕು ಅಂದೆ. ಅವರ ಮುಖ ಅರಳಿತು.

ವಿಷಯ ಏನೆಂದರೆ, ಅಲ್ಲಿ ಹುಡುಗಿಯರೆಲ್ಲ ಕಡ್ಡಿಯಂಥವರು. ಔರಾದಿನ ಪಲ್ಲವಿ ಒಬ್ಬಳೇ ಅರವತ್ತೆರಡು ಕೆಜಿ. ಬೀದರಿನ ಹಾಸ್ಟೆಲ್‌ನಲ್ಲಿದ್ದು ಬಿ.ಎ. ಎರಡನೇ ವರ್ಷ ಓದುವ ಹುಡುಗಿ. ಅವಳಿಗೆ ಪ್ರಾಕ್ಟೀಸ್‌ಗೆ ಜೋಡಿಯೇ ಸಿಗುತ್ತಿರಲಿಲ್ಲ.

"ಟೀಚರ್, ನೀವ್ ಬರ್ರಿ," ಅಂದರು ಆಪಾ. "ಫಿಕರ್ ಮಾಡಬ್ಯಾಡ್ರಿ. ಬೀಳೂ ಕೆಲಸ ನಿಮ್ದು, ಕೆಡವೂ ಕೆಲಸ ಆಕಿದು."

ಮನೆಯಲ್ಲಿ ಇಷ್ಟು ವರ್ಷ ಬೈಸಿಕೊಂಡ ನನ್ನ ತೂಕ ಮೊದಲ ಸಲ ಒಬ್ಬರ ಉಪಯೋಗಕ್ಕೆ ಬಂತು. ಪಲ್ಲವಿ ನನ್ನ ತೋಳಿಗೆ ತೋಳು ಹೆಣೆದು, ಕುತ್ತಿಗೆ ಒತ್ತಿ, ದಿನಕ್ಕೆ ಹತ್ತಿಪ್ಪತ್ತು ಸಲ ಕೆಡವುತ್ತಿದ್ದಳು. ಪ್ರತಿ ಸಲವೂ "ತ್ರಾಸ್ ಆಯ್ತೇನ್ರಿ ಟೀಚರ್?" ಅಂತ ಕೇಳುತ್ತಿದ್ದಳು. ಆ ಹುಡುಗಿ ಮೇಲೆ ನನಗೆ ಮಮತೆ ಬಂದುಬಿಟ್ಟಿತ್ತು. ಅವಳ ಅವ್ವ ಶಾಂತಾಬಾಯಿ ಔರಾದಿನಲ್ಲಿ ಅಂಗನವಾಡಿ ಟೀಚರ್. ಮಗಳಿಗೆ ಅವರು ಕೊಟ್ಟ ಗಡುವು ಭಾಲ್ಕಿಯ ಈ ಸೆಲೆಕ್ಷನ್‌ವರೆಗೆ. ಗೆದ್ದರೆ ರಾಜ್ಯಮಟ್ಟ, ಕುಸ್ತಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಊರಿಗೆ ವಾಪಸ್, ವರ ನೋಡುವ ಮಾತು.

ನನ್ನ ತೋಳಿನಲ್ಲಿ ಗುರುತು ಕಂಡದ್ದು ಆ ದಿನಗಳಲ್ಲೇ. ಒಂದು ರೂಪಾಯಿ ನಾಣ್ಯದಷ್ಟು. ಅಂಚು ಕೆಂಪು, ನಡುವೆ ತಿಳಿ, ಬೆವರು ಬಂದರೆ ತುರಿಕೆ. ಗಜಕರ್ಣ ಅನ್ನಿ, ಹುಳುಕಡ್ಡಿ ಅನ್ನಿ, ಅದು ಶಿಲೀಂಧ್ರದ ಕೆಲಸ. ಆ ಶಿಲೀಂಧ್ರದ ಪಾಠವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವವಳು ನಾನೇ. ನೋಡಿದ ತಕ್ಷಣ ಗುರುತು ಹಿಡಿದೆ. ಒಪ್ಪಿಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ.

ಮೆಡಿಕಲ್ ಶಾಪಿಗೆ ಹೋದೆ. ಉಳಿದ ಗಿರಾಕಿಗಳು ಹೋಗುವವರೆಗೆ ಪೇಸ್ಟು, ಸೋಪು ನೋಡುತ್ತ ನಿಂತೆ. ಆಮೇಲೆ ದನಿ ಇಳಿಸಿ, "ತುರಿಕಿಗಿ ಏನರೆ ಕೊಡ್ರಿ. ನಮ್ಮ ಮನಿ ಕೆಲಸದಾಕಿಗಿ ಆಗ್ಯದ," ಅಂದೆ.

ನಮ್ಮ ಮನೆಯಲ್ಲಿ ಕೆಲಸದವರೇ ಇಲ್ಲ. ಆದರೂ ರೋಗ ಹೊರಿಸಲು ನನಗೆ ಒಬ್ಬಳು ಬೇಕಾಗಿದ್ದಳು, ಅವಳನ್ನು ಅಲ್ಲೇ ನಿಂತು ಹುಟ್ಟಿಸಿದೆ. ಇದನ್ನು ಬರೆಯುವಾಗ ಭಾಲ್ಕಿಯ ವಿಷಯಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ.

ಅಂಗಡಿಯವರು ಒಂದು ಟ್ಯೂಬ್ ಕೊಟ್ಟರು. ಮೂರೇ ದಿನದಲ್ಲಿ ಕೆಂಪು ಇಳಿಯಿತು. ತುರಿಕೆ ಹೋಯಿತು. ವಾಸಿಯಾಯಿತು ಅಂದುಕೊಂಡು ಒಂದು ದಿನವೂ ತಪ್ಪಿಸದೆ ಪ್ರಾಕ್ಟೀಸ್‌ಗೆ ಹೋದೆ. ಹಚ್ಚುವುದು ಬಿಟ್ಟರೆ ಮತ್ತೆ ಬರುತ್ತಿತ್ತು, ಹಚ್ಚಿದರೆ ಮರೆಯಾಗುತ್ತಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಪಲ್ಲವಿ ಮೊಣಕೈ ತೋರಿಸಿದಳು.

"ಟೀಚರ್, ನೀವು ಸೈನ್ಸ್‌ದವರು. ಇದು ಏನಿರಬಹುದ್ರಿ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿತ್ತೇ? ಸೆಲೆಕ್ಷನ್‌ಗೆ ಇನ್ನೂ ಮೂರು ವಾರ ಇತ್ತು. ಅವತ್ತೇ ಚರ್ಮದ ಡಾಕ್ಟರ ಹತ್ತಿರ ಹೋಗಿ, ಮೈಗೆ ಮೈ ತಾಗುವ ಪ್ರಾಕ್ಟೀಸ್ ಬಿಟ್ಟು, ಸರಿಯಾದ ಔಷಧಿ ತಗೊಂಡಿದ್ದರೆ ಬಹುಶಃ ಆಡುತ್ತಿದ್ದಳು. ನಾನೇನು ಹೇಳಿದೆ? "ಬಿಸಿಲಿಗೆ ಆಗ್ಯದ, ಇದು ಹಚ್ಚು," ಅಂತ ಬ್ಯಾಗಿನಿಂದ ನನ್ನದೇ ಟ್ಯೂಬ್ ತೆಗೆದು ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮತ್ತೆ ಭಾಲ್ಕಿಗೆ ಬರುತ್ತೇನೆ. ಡಾಕ್ಟರ್ ಚೀಟಿ ಬರೆದು ಕೊಟ್ಟರು. ಶಮೀಮ್ ಆಪಾ ಎಷ್ಟು ಕೇಳಿಕೊಂಡರೂ ಆಗಲಿಲ್ಲ. ಆಗಬಾರದು ಕೂಡ, ಎದುರಿನ ಹುಡುಗಿಗೂ ಮೈ ಇದೆಯಲ್ಲ. ಪಲ್ಲವಿ ಅಳಲಿಲ್ಲ. ಬೂಟಿನ ಲೇಸು ಬಿಚ್ಚಿ, ಬೂಟು ಬ್ಯಾಗಿಗೆ ಹಾಕಿ, ಮೂಲೆಯ ಬೆಂಚಿನ ಮೇಲೆ ಕೂತಳು. ಖಟಕ ಚಿಂಚೋಳಿಯಿಂದ ಮಗಳನ್ನು ಕರೆತಂದಿದ್ದ ಒಬ್ಬ ತಾಯಿ ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು.

"ಆ ಔರಾದದ ಹುಡುಗಿಗಿ ಚರ್ಮರೋಗ ಅದ ಅಂತ್ರಿ. ಅತ್ತಾಗ ಹೋಗಬ್ಯಾಡ್ರಿ."

ಸೆರಗು ಸರಿಸಿ, "ಆಕಿಗಿ ನನ್ನಿಂದ ಬಂದದ," ಅನ್ನಲು ಎಷ್ಟು ಹೊತ್ತು ಬೇಕಾಗಿತ್ತು? ನಾನು ನೀರಿನ ಬಾಟಲಿ ತರುವ ನೆಪ ಮಾಡಿ ಹೊರಗೆ ಹೋದೆ.

ವಾಪಸ್ ಬರುವಾಗ ಬೀದರ್ ಬಸ್ಸಿನಲ್ಲಿ ಪಲ್ಲವಿ ಕಿಟಕಿಗೆ ಕೂತಿದ್ದಳು, ಪಕ್ಕದಲ್ಲಿ ನಾನು. ಅರ್ಧ ದಾರಿಗೆ ನನ್ನಿಂದ ತಡೆಯಲಾಗಲಿಲ್ಲ. ತೋಳು ತೋರಿಸಿ ಎಲ್ಲ ಹೇಳಿದೆ. ಅವಳು ನನ್ನ ತೋಳು ನೋಡಿದಳು, ತನ್ನದು ನೋಡಿಕೊಂಡಳು.

"ಆ ಟ್ಯೂಬ್ ಕೊಡುವಾಗ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು."

ಊರು ಹತ್ತಿರ ಬಂದಾಗ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು.

"ಇಲ್ಲಿ ನನಗ ಹೇಳಿದ್ರಿ. ಅಲ್ಲಿ ಅವರಿಗಿ ಯಾಕ ಹೇಳಲಿಲ್ರಿ?"

ಮರುದಿನ ಅವಳು ಪ್ರಾಕ್ಟೀಸ್‌ಗೆ ಬರಲಿಲ್ಲ. ಹಾಸ್ಟೆಲ್‌ನಲ್ಲಿ ಕೇಳಿದರೆ ಗಂಟುಮೂಟೆ ಸಮೇತ ಔರಾದಿಗೆ ಹೋಗಿದ್ದಾಳೆ ಅಂದರು.

ಅವತ್ತೇ ಚರ್ಮದ ಡಾಕ್ಟರ ಹತ್ತಿರ ಹೋದೆ. (ಈ ಸಲ ನನ್ನ ಹೆಸರಿನಲ್ಲೇ ಚೀಟಿ ಮಾಡಿಸಿದೆ.) ನಾನು ಮತ್ತೆ ಕೊಂಡಿದ್ದ ಅಂಥದ್ದೇ ಟ್ಯೂಬ್ ನೋಡಿದ ಕೂಡಲೇ ಅವರು ತಲೆ ಅಲ್ಲಾಡಿಸಿದರು. ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆಯಂತೆ. ಅದು ಕೆಂಪು ಇಳಿಸುತ್ತದೆ, ತುರಿಕೆ ಅಡಗಿಸುತ್ತದೆ, ಒಳಗೆ ಶಿಲೀಂಧ್ರ ಆರಾಮಾಗಿ ಬೆಳೆಯುತ್ತಿರುತ್ತದೆ. ರೋಗ ಇದೆ, ಆದರೆ ಕಾಣುವುದಿಲ್ಲ. ನನಗೂ ಬೇಕಾಗಿದ್ದದ್ದು ಅದೇ ತಾನೆ? ಸರಿಯಾದ ಔಷಧಿಯನ್ನು ಗುರುತು ಮಾಯವಾದ ಮೇಲೂ ಅವರು ಹೇಳಿದಷ್ಟು ದಿನ ಹಚ್ಚಬೇಕು, ಅವರು ಹೂಂ ಅನ್ನುವವರೆಗೆ ಯಾರ ಮೈಯನ್ನೂ ಮುಟ್ಟಿ ಆಡಬಾರದು.

ಮರುದಿನ ಬೆಳಿಗ್ಗೆ ಆಪಾ ಎದುರು ನಿಂತು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಎಲ್ಲ ಹುಡುಗಿಯರನ್ನೂ ಸಾಲಾಗಿ ನಿಲ್ಲಿಸಿ, ತೋಳು, ಕುತ್ತಿಗೆ, ಮೊಣಕಾಲು ನೋಡಿದರು. ಇನ್ನೂ ಮೂವರಿಗೆ ಇತ್ತು. ಒಬ್ಬಳು ಒಂದು ತಿಂಗಳಿಂದ ಉದ್ದ ತೋಳಿನ ಟೀ ಶರ್ಟ್ ಹಾಕುತ್ತಿದ್ದಳು, ಯಾರೂ ಯಾಕೆ ಅಂತ ಕೇಳಿರಲಿಲ್ಲ.

ಹಾಗಾದರೆ ನನಗೆ ಎಲ್ಲಿಂದ ಬಂತು? ಗೊತ್ತಿಲ್ಲ. ಹುಡುಕುತ್ತ ಹೋದರೆ ನಮ್ಮ ಭಕ್ತಿಯ ಕಡೆಗೇ ಬೆರಳು ಹೋಗುತ್ತದೆ. ಆಪಾ ಮ್ಯಾಟ್‌ಗೆ ಮ್ಯಾಟ್ ಅನ್ನುವುದಿಲ್ಲ, ಗಾದಿ ಅನ್ನುತ್ತಾರೆ. ಅಪ್ಪನ ಕೆಂಪುಮಣ್ಣಿಗೆ ಇದ್ದ ಮರ್ಯಾದೆಯೆಲ್ಲ ಈಗ ಗಾದಿಗೆ. ಚಪ್ಪಲಿ ಹಾಲ್‌ನ ಒಳಗೆ ಬರುವಂತಿಲ್ಲ, ಹೊರಗೆ ಮೆಟ್ಟಿಲ ಕೆಳಗೇ ಬಿಡಬೇಕು. ಪ್ರಾಕ್ಟೀಸ್‌ಗೆ ಬೂಟು ಬೇಡ, ಬರಿಗಾಲೇ. ಬಾತ್‌ರೂಮ್ ಇರುವುದು ಹಾಲ್‌ನ ಹಿಂಬಾಗಿಲ ಆಚೆ. ಚಪ್ಪಲಿ ಇತ್ತ, ಬಾತ್‌ರೂಮ್ ಅತ್ತ. ಎಲ್ಲರೂ ಏನು ಮಾಡುತ್ತಿದ್ದೆವು? ಬರಿಗಾಲಲ್ಲಿ ಹೋಗಿ, ಆ ಒದ್ದೆ ನೆಲದ ಮೇಲೆ ನಿಂತು, ಬರಿಗಾಲಲ್ಲೇ ಬಂದು, ಗಾದಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಅದೇ ಕಾಲನ್ನು ಗಾದಿಯ ಮೇಲೆ ಇಡುತ್ತಿದ್ದೆವು. ಮಣ್ಣಿಗಾದರೆ ಆಪಾ ಅವರ ಅಪ್ಪ ಅರಿಶಿನ, ಬೇವು, ಎಣ್ಣೆ ಹಾಕಿ ಅಗೆದು ತಿರುವುತ್ತಿದ್ದರಂತೆ. ಗಾದಿಗೆ ನಾವು ಊದುಬತ್ತಿ ಬೆಳಗಿ, ಒಣ ಪೊರಕೆ ಆಡಿಸಿ ಬಿಡುತ್ತಿದ್ದೆವು. ಪ್ರಾಕ್ಟೀಸ್ ಮುಗಿದ ಮೇಲೆ ಆಪಾ ತಮ್ಮ ಒಂದೇ ಟವೆಲ್‌ನಿಂದ ಎಲ್ಲರ ಬೆನ್ನು ಒರೆಸುತ್ತಿದ್ದರು, ಅದು ಅವರ ಆಶೀರ್ವಾದ.

ಟವೆಲ್ ಬಿಡಲು ಆಪಾ ಒಪ್ಪಿದರು. ಬಾತ್‌ರೂಮಿಗೆ ಹಾಕಿಕೊಂಡು ಹೋಗಲು ಚಪ್ಪಲಿಯನ್ನು ಗಾದಿಯ ಹತ್ತಿರ ಇಡೋಣ ಅಂದದ್ದಕ್ಕೆ ಮಾತ್ರ ಮುಖ ಬಿಗಿಯಾಯಿತು.

"ಗಾದಿ ಬಾಜೂಕ ಚಪ್ಪಲ್ ಇಡ್ಬೇಕಾ ಟೀಚರ್? ನಮ್ಮ ಅಬ್ಬಾ ಇದ್ದಿದ್ರ ನನ್ನ ಕಿವಿ ಹಿಂಡ್ತಿದ್ರು."

"ಚಪ್ಪಲ್ ಗಾದಿ ಮ್ಯಾಲ ಬರಂಗಿಲ್ರಿ ಆಪಾ. ಬರಿಗಾಲಿಗಿ ಹತ್ತಿ ಬಾತ್‌ರೂಮಿನ ಹೊಲಸು ಬರ್ತದ ನೋಡ್ರಿ," ಅಂದೆ.

ಮರುದಿನ ಹೋದರೆ ಗಾದಿಯ ಅಂಚಿಗೆ ಗೋಣಿತಟ್ಟು ಹಾಸಿತ್ತು. ಅದರ ಮೇಲೆ ಮೊದಲನೇ ಜೋಡಿ ಆಪಾ ಅವರದೇ. ಅವರು ಅದನ್ನು ನೋಡದವರಂತೆ ಬಕೆಟ್ ಹಿಡಿದು, ಔಷಧಿ ನೀರಿನಿಂದ ಗಾದಿ ಒರೆಸುತ್ತಿದ್ದರು. ಈಗ ಪ್ರಾಕ್ಟೀಸ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಒರೆಸಿ, ಒಣಗಿದ ಮೇಲೆಯೇ ಕಾಲಿಡುತ್ತೇವೆ. ಅವರವರ ಟವೆಲ್ ಅವರವರಿಗೆ. ಉಗುರು ಕತ್ತರಿಸಿರಬೇಕು, ಗಾಯಕ್ಕೆ ಪಟ್ಟಿ ಇರಬೇಕು, ಮನೆಗೆ ಹೋದ ಕೂಡಲೇ ಸ್ನಾನ, ಬಟ್ಟೆಯನ್ನು ದಿನಾ ಒಗೆದು ಬಿಸಿಲಿಗೆ ಹಾಕಬೇಕು. ಬೀದರಿನಲ್ಲಿ ಮತ್ತೇನಿಲ್ಲದಿದ್ದರೂ ಬಿಸಿಲಿಗೆ ಬರವಿಲ್ಲ. ಎಲ್ಲಕ್ಕಿಂತ ಮೊದಲು ತೋಳು ಮೇಲೇರಿಸಿ ಎಲ್ಲರ ಎದುರು ತೋರಿಸಬೇಕು. ಯಾರಿಗಾದರೂ ಗುರುತು ಕಂಡರೆ ನಗುವಂತಿಲ್ಲ. ಅವಳು ಬದಿಗೆ ಕೂತು ನೋಡುತ್ತಾಳೆ, ವಾಸಿಯಾದ ಮೇಲೆ ಆಡುತ್ತಾಳೆ, ಅಷ್ಟೇ.

ಇಷ್ಟೆಲ್ಲ ಸರಿಯಾಯಿತು, ಪಲ್ಲವಿ ಬರಲಿಲ್ಲ. ಫೋನ್ ಎತ್ತಲಿಲ್ಲ. ಹೋದ ಭಾನುವಾರ ಔರಾದಿನ ಬಸ್ ಹತ್ತಿದೆ.

ಶಾಂತಾಬಾಯಿ ಬಾಗಿಲಲ್ಲೇ ಇದ್ದರು. ಒಳಗೆ ಕರೆದು, ನೀರು ಕೊಟ್ಟು, ಎದುರು ಕೂತರು. ಪಲ್ಲವಿ ಒಳಕೋಣೆಯ ಬಾಗಿಲಿಗೆ ಒರಗಿ ನಿಂತಳು.

"ಭಾಲ್ಕಿಂದ ಸುದ್ದಿ ನಮಗಿಂತ ಮದಲ ಊರಿಗಿ ಬಂತ್ರಿ," ಅಂದರು ಅವ್ವ. "ಅಂಗನವಾಡಿಗಿ ಬರೂ ತಾಯಂದಿರು ನನ್ನ ಕೈಯಿಂದ ಕೂಸು ಹೊಳ್ಳಿ ತಗೋತಾರ. ನಿನ್ನ ಮಗಳಿಗಿ ಚರ್ಮರೋಗ ಅದ ಅಂತಲ್ಲ ಅಂತಾರ. ಸಾಕ್ರಿ ನಮಗ. ಕುಸ್ತಿನೂ ಬ್ಯಾಡ, ಬೀದರನೂ ಬ್ಯಾಡ."

ನಾನು ಸೆರಗು ಸರಿಸಿ ತೋಳು ಮುಂದೆ ಚಾಚಿದೆ. ಔಷಧಿಗೆ ಗುರುತು ಮಸುಕಾಗಿದ್ದರೂ ದುಂಡು ಇನ್ನೂ ಕಾಣುತ್ತಿತ್ತು. ದಿನಾ ಮಕ್ಕಳ ತಲೆ, ಕೈ ನೋಡುವ ಹೆಣ್ಣುಮಗಳು ಆಕೆ. ನನ್ನನ್ನು ಬೆಳಕಿಗೆ ಕರೆದು, ತೋಳನ್ನು ಹೊರಳಿಸಿ ನೋಡಿದರು.

"ಇದು ಹಳೇದು ಅದ," ಅಂದರು.

"ಹೌದ್ರಿ. ಆಕಿಗಿ ನನ್ನಿಂದ ಬಂದದ. ಗೊತ್ತಿದ್ದೂ ಹೇಳಲಿಲ್ಲ. ತಪ್ಪು ನಂದು."

"ಇದು ನಮ್ಮ ಮನ್ಯಾಗ ಹೇಳಿದ್ರ ಊರಿಗಿ ಹ್ಯಾಂಗ ಗೊತ್ತಾಗ್ತದರಿ?" ಆಕೆ ತೋಳು ಬಿಡಲಿಲ್ಲ. "ನೀವು ಪೇಪರ್‌ನಾಗ ಬರೀತೀರಂತ. ಅದ್ರಾಗ ಬರೀರಿ, ಮದಲ ಯಾರಿಗಿ ಆಗಿತ್ತಂತ. ಅದು ಬಂದ ದಿನ ಆಕಿಗಿ ಬಸ್ ಹತ್ತಿಸ್ತೇನಿ."

"ಪಲ್ಲವಿ ಹೆಸರು ಹಾಕೂದಿಲ್ಲ ಬಿಡ್ರಿ," ಅಂದೆ, ದೊಡ್ಡ ಉಪಕಾರ ಮಾಡುವವಳಂತೆ.

ಒಳಕೋಣೆಯ ಬಾಗಿಲಿಂದ ಪಲ್ಲವಿ ಹೇಳಿದಳು. "ಹಾಕ್ರಿ ಟೀಚರ್. ನನ್ನ ಹೆಸರು ಎಲ್ಲರಿಗಿ ಗೊತ್ತಾಗ್ಯದ. ಗೊತ್ತಿಲ್ಲದ್ದು ನಿಮ್ದು."

ಬೀದರಿಗೆ ಬಂದು ಬರೆಯಲು ಕೂತೆ. ಮೊದಲ ಸಲ ಬರೆದದ್ದರಲ್ಲಿ ಕ್ರೀಡಾಪಟುಗಳು ಚರ್ಮದ ಬಗ್ಗೆ ಹೇಗೆ ಎಚ್ಚರ ವಹಿಸಬೇಕು ಅಂತೆಲ್ಲ ಚೆನ್ನಾಗಿಯೇ ಬಂದಿತ್ತು. ಓದಿ ನೋಡಿದರೆ ಇಡೀ ಲೇಖನದಲ್ಲಿ ನಾನು ಎಲ್ಲೂ ಇರಲಿಲ್ಲ. ಹರಿದು ಹಾಕಿ ಇದನ್ನು ಬರೆದೆ.

ಶಾಂತಾಬಾಯಿಯವರೇ, ಔರಾದಿನ ಮೊದಲ ಬಸ್ಸು ಹೊರಡುವ ಹೊತ್ತಿಗೆ ಪೇಪರ್ ನಿಮ್ಮೂರಿಗೆ ಬಂದಿರುತ್ತದೆ. ಮೊದಲು ಆಗಿದ್ದು ನನಗೆ.