ಕೌದಿ ಗೆರೆಯ ಮೂಲೆ

ಅಂದು ಬೆಳಿಗ್ಗೆಯೂ ಎಂದಿನಂತೆ ನಳದ ನೀರು ತುಂಬಿಟ್ಟು, ಬಾಗಿಲಿಗೆ ನೀರಿನ ಥಳಿ ಹೊಡೆದು, ಸಣ್ಣದೊಂದು ರಂಗೋಲಿ ಎಳೆದು ಒಳಗೆ ಬಂದೆ. ಚಹಾ ಉಕ್ಕುವ ಮೊದಲೇ ಒಲೆ ಸಣ್ಣದು ಮಾಡಿ, ಪೂಜೆಯ ಮಣೆ ಹಾಕಿದೆ. ನನ್ನ ಯಜಮಾನರು ಗೋಡೆ ಹಿಡಿದು ಬಂದು ಕೂತರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಬಲಗೈ ತೊಡೆಯ ಮೇಲೆ ಮಡಚಿದ ವಸ್ತ್ರದಂತೆ ಬಿದ್ದಿತ್ತು. ಲಕ್ವಾ ಹೊಡೆದ ಮೇಲೆ ವಿಭೂತಿ ಹಚ್ಚುವುದು, ಪತ್ರಿ ಏರಿಸುವುದು ನನ್ನ ಪಾಲಿಗೆ ಬಂದಿತ್ತು. ನನ್ನ ಬೆರಳು ಅವರ ಅಂಗೈಗೆ ತಾಗದಂತೆ ಏರಿಸುತ್ತಿದ್ದೆ. ತಾಗಿದರೆ ಅವರು ಕಣ್ಣು ತೆರೆಯುತ್ತಿದ್ದರು, ಆ ನೋಟ ನನಗೆ ತಡೆಯಲಾಗುತ್ತಿರಲಿಲ್ಲ.

ಅವರು ಮಾದನಹಿಪ್ಪರಗಾದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ ಆಗಿದ್ದವರು. ದಿನಾ ಆಳಂದದಿಂದ ಬಸ್ಸಿಗೆ ಹೋಗಿಬರುತ್ತಿದ್ದರು. ಗುಲಬರ್ಗಾದ ಪ್ರಕಾಶಕರೊಬ್ಬರು ತೆಗೆಯುತ್ತಿದ್ದ ರೇಖಾಗಣಿತದ ಪುಸ್ತಕಕ್ಕೆ ಮೊದಲಿನಿಂದಲೂ ಚಿತ್ರ ಬರೆದವರು ಇವರೇ. ಪೆಟ್ಟಿಗೆ, ಪಿರಮಿಡ್ಡಿನಂಥ ಚಿತ್ರಗಳಲ್ಲಿ ಕಣ್ಣಿಗೆ ಕಾಣುವ ಅಂಚಿಗೆ ದಪ್ಪ ಗೆರೆ, ಹಿಂದೆ ಅಡಗಿದ ಅಂಚಿಗೆ ತುಂಡು ಗೆರೆ, ಅಳತೆಗೆ ಕೂದಲಿನಂಥ ಗೆರೆ. ಈಗ ಪುಸ್ತಕ ಹೊಸದಾಗಿ ಬರುವುದಿತ್ತು. ಅಂದು ಮಧ್ಯಾಹ್ನದ ಬಸ್ಸಿಗೆ ಬಂದು ಚಿತ್ರ ನೋಡುತ್ತೇನೆ, ಸರಿಬಂದರೆ ಒಯ್ಯುತ್ತೇನೆ, ಇಲ್ಲದಿದ್ದರೆ ಸೊಲ್ಲಾಪುರದಲ್ಲಿ ಒಬ್ಬ ಡ್ರಾಫ್ಟ್ಸ್‌ಮನ್ ಇದ್ದಾನೆ ಎಂದು ಪ್ರಕಾಶಕರು ಹೇಳಿಕಳಿಸಿದ್ದರು.

ಅದನ್ನು ಕೇಳಿದ ದಿನ ಯಜಮಾನರು ಗೋಡೆಯ ನಾಗಂದಿಗೆ ಹಲಗೆಯ ಮೇಲಿದ್ದ ತಮ್ಮ ಕಂಪಾಸ್ ಡಬ್ಬಿಯನ್ನು ತೋರಿಸಿ, "ಈ ಪುಸ್ತಕ ಕೈ ಬಿಟ್ಟಿತಂದ್ರ ಆ ಡಬ್ಬಿ ಯಾರಿಗರೆ ಕೊಟ್ಟಬಿಡು. ಮನ್ಯಾಗ ಇಟ್ಕೊಬ್ಯಾಡ" ಅಂದಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆದರಿಸಿತ್ತು. ಡಬ್ಬಿ ಹೋದರೆ ಅದರ ಹಿಂದೆ ಈ ಮನುಷ್ಯನೂ ಎತ್ತಲೋ ಹೋಗಿಬಿಡುತ್ತಾರೆ, ಕುರ್ಚಿಯಲ್ಲಿ ಮೈ ಮಾತ್ರ ಉಳಿಯುತ್ತದೆ ಎಂದು ನನಗೆ ಅನ್ನಿಸಿತ್ತು.

ಹೈದರಾಬಾದಿನ ಕಾಲೇಜಿನಲ್ಲಿ ಕಲಿಸುತ್ತಿದ್ದ ನನ್ನ ಅಣ್ಣ, ಅಲ್ಲಿ ತೆಗೆದುಹಾಕಿದ ಒಂದು ಕಂಪ್ಯೂಟರನ್ನೂ ಪ್ರಿಂಟರನ್ನೂ ತಂದು ನಮ್ಮ ನಡುಮನೆಯಲ್ಲಿ ಇಟ್ಟುಹೋಗಿದ್ದ. ಜೊತೆಗೆ ಟೆಕ್ ಎಂಬ ಪ್ರೋಗ್ರಾಮಿನ ಝೆರಾಕ್ಸ್ ಪುಸ್ತಕ. ಅದರಲ್ಲಿ ಕೈಯಿಂದ ಏನೂ ಬರೆಯುವುದಿಲ್ಲ. ಇಲ್ಲಿಂದ ಅಲ್ಲಿಗೆ ಒಂದು ಗೆರೆ, ಇಷ್ಟು ಅಗಲದ ಒಂದು ವೃತ್ತ ಎಂದು ಟೈಪ್ ಮಾಡಿದರೆ ಪುಟದ ಮೇಲೆ ಚಿತ್ರ ಬರುತ್ತದೆ. ಗುಲಬರ್ಗಾದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಬೆಳಿಗ್ಗೆ ಟೈಪಿಂಗ್, ಮಧ್ಯಾಹ್ನ ಹೊಲಿಗೆ ಕಲಿಸುತ್ತಿದ್ದರು. ಎರಡೂ ಒಂದೇ ಕೆಲಸಕ್ಕೆ ಬರುತ್ತವೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ.

ಪುಸ್ತಕದ ಚಿತ್ರಗಳನ್ನು ಅದರಲ್ಲೇ ತೆಗೆಯಲು ನಾನು ಕೂತೆ. ಮೊದಲು ಪ್ರತಿ ಗೆರೆಗೂ ಅದರ ದಪ್ಪ, ಅದರ ಬಿಡುವು ಬರೆದು ಬರೆದು ಸೋತೆ. ಆಮೇಲೆ ಆ ಪುಸ್ತಕದಲ್ಲೇ ದಾರಿ ಸಿಕ್ಕಿತು. ಒಂದು ಬಗೆಯ ಗೆರೆ ಹೇಗಿರಬೇಕೆಂದು ಫೈಲಿನ ತಲೆಯಲ್ಲಿ ಒಮ್ಮೆ ಬರೆದು ಅದಕ್ಕೆ ಹೆಸರಿಟ್ಟರೆ ಸಾಕು, ಮುಂದೆ ಹೆಸರು ಕರೆದಲ್ಲೆಲ್ಲ ಅದೇ ಗೆರೆ ಬರುತ್ತದೆ. ಅದಕ್ಕೆ ಮ್ಯಾಕ್ರೊ ಅನ್ನುತ್ತಾರೆ. ಹೆಸರು ಮಾತ್ರ ನಾವೇ ಇಡಬೇಕು. ನಾನು ದಪ್ಪ ಗೆರೆಗೆ 'ದಡಿ' ಎಂದು ಇಟ್ಟೆ, ಸೀರೆಯ ದಡಿ. ಸಣ್ಣ ಗೆರೆಗೆ 'ಎಳಿ'. ತುಂಡು ಗೆರೆಗೆ 'ಕೌದಿ'. ಹಳೆ ಸೀರೆಗಳನ್ನು ಕೂಡಿಸಿ ಹೊಲಿಯುವ ನಮ್ಮ ಕೌದಿಯ ಮೇಲೆ ದಾರ ಹಾಗೆಯೇ ಅಲ್ಲವೆ, ಒಂದು ಸಲ ಕಾಣುತ್ತ, ಒಂದು ಸಲ ಅಡಗುತ್ತ ಹೋಗುವುದು?

ಆ ಗೆರೆಗಳ ಅಳತೆ ನನ್ನದಲ್ಲ. ಯಜಮಾನರು ಮಲಗಿದ್ದಾಗ ಅವರ ಹಳೆಯ ಚಿತ್ರಗಳನ್ನು ಹರಡಿ, ಅವರದೇ ಡಿವೈಡರಿನಿಂದ ಒಂದೊಂದು ತುಂಡನ್ನೂ ಒಂದೊಂದು ಬಿಡುವನ್ನೂ ಅಳೆದು ತೆಗೆದಿದ್ದೆ. ಅವರ ಕೈ ಎಷ್ಟು ಒತ್ತುತ್ತಿತ್ತು, ಎಲ್ಲಿ ಎತ್ತುತ್ತಿತ್ತು ಎನ್ನುವುದೆಲ್ಲ ಆ ಮೂರು ಹೆಸರುಗಳೊಳಗೆ ಇತ್ತು. ಅದನ್ನು ಅವರಿಗೆ ಹೇಳಿರಲಿಲ್ಲ. ಪ್ರಿಂಟರ್ ಕಿರುಗುಟ್ಟಲು ಸುರುವಾದರೆ ಅವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು, ಒಂದು ಹಾಳೆಯನ್ನೂ ತಿರುವಿ ನೋಡಿರಲಿಲ್ಲ.

ಅಂದು ಪೂಜೆ ಮುಗಿದ ಮೇಲೆ ಹಾಳೆಗಳನ್ನು ತಂದು ಅವರ ಮುಂದಿಟ್ಟೆ.

"ಇವತ್ತರೆ ನೋಡ್ರಿ. ಅವರು ಬರೋದ್ರಾಗ ಒಂದ್ ಮಾತು ಹೇಳ್ರಿ."

"ನಾ ಏನ್ ನೋಡ್ಲಿ? ಮಷೀನ್ ಮಾಡ್ಯಾದ, ಮಷೀನಿಗೇ ಕೇಳು."

"ಮಷೀನಿಗಿ ಕಣ್ಣಿಲ್ರಿ. ನಿಮಗ ಅದಾವ."

ಅವರು ಹಾಳೆ ಎತ್ತಿಕೊಂಡರು. ಒಂದು ಪುಟ, ಇನ್ನೊಂದು ಪುಟ. ರೊಟ್ಟಿಯ ಹಿಟ್ಟಿಗೆ ಬಿಸಿನೀರು ಹಾಕಿದವಳು ಕೈಯಿಡದೆ ನಿಂತುಬಿಟ್ಟೆ. ಒಂದು ಪೆಟ್ಟಿಗೆಯ ಚಿತ್ರದ ಮೇಲೆ ಅವರ ಎಡಗೈ ಬೆರಳು ನಿಂತಿತು.

"ಮೂಲಿ ತೆರದದ."

"ಏನ್ರಿ?"

"ಇಲ್ಲಿ ನೋಡಬೇ. ಅಡಗಿದ ಅಂಚು ಮೂರೂ ಬಂದು ಕೂಡೋ ಮೂಲಿ ಇದು. ತುಂಡಿನ ಮ್ಯಾಲೆ ಕೂಡಬೇಕು. ನಿಂದು ಬಿಡುವಿನ ಮ್ಯಾಲೆ ಮುಗದದ. ನಡುವ ಖಾಲಿ ಜಾಗ. ಇದೇನು ಪೆಟಿಗಿ ಏನು, ಇಲಿ ಹೋಗೋ ಕಿಂಡಿ?"

ನೋಡಿದೆ. ಖರೆ. ಮೂಲೆಯಲ್ಲಿ ಮೂರು ಗೆರೆಗಳು ಒಂದರ ಮುಖ ಒಂದು ನೋಡದೆ ದೂರ ನಿಂತಿದ್ದವು. ಪ್ರತಿ ಪೆಟ್ಟಿಗೆಯಲ್ಲೂ, ಪ್ರತಿ ಪಿರಮಿಡ್ಡಿನಲ್ಲೂ ಹಾಗೆಯೇ. ತುಂಡನ್ನೂ ಬಿಡುವನ್ನೂ ಅಷ್ಟು ಜೋಕೆಯಿಂದ ಅಳೆದವಳು, ಅವರು ಮೂಲೆಗೆ ಬಂದಾಗ ಏನು ಮಾಡುತ್ತಿದ್ದರು ಎನ್ನುವುದನ್ನೇ ನೋಡಿರಲಿಲ್ಲ.

"ಎಲ್ಲಾ ಪುಟದಾಗೂ ಹಿಂಗೇ ಅದ. ಇನ್ನ ಆಗೋದಿಲ್ಲ ಬಿಡು" ಎಂದು ಅವರು ಹಾಳೆಗಳನ್ನು ಕೆಳಗಿಟ್ಟರು. ಕಣ್ಣು ನಾಗಂದಿಗೆಯ ಕಡೆ ಹೋಯಿತು.

ನಾನು ಹಿಟ್ಟಿನ ಮೇಲೆ ತಾಟು ಮುಚ್ಚಿ ಕಂಪ್ಯೂಟರ್ ಹಚ್ಚಿದೆ. ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಕರೆಂಟು ಹೊತ್ತೇರುತ್ತಲೇ ಹೋದರೆ ಇಳಿಹೊತ್ತಿಗೆ ಬರುತ್ತಿತ್ತು. ಹೋಗುವುದರೊಳಗೆ ಆಗಬೇಕಿತ್ತು.

ಪಕ್ಕದ ಮನೆಯ ಅಕ್ಕ ನನಗೆ ಕೌದಿ ಹೊಲಿಯಲು ಕಲಿಸಿದವಳು. ಅಂದೋಲಾ ಅವಳ ತವರು, ಮಾತು ಜೋರು. ಮೂಲೆ ಹತ್ತಿರ ಬಂದಾಗ, "ಮುಂದಿನ ಜಾಗ ಕಣ್ಣಳತಿ ಮಾಡಬೇಕವ್ವ, ಹೊಲಿಗಿ ಅಷ್ಟ ಇಷ್ಟ ಎಳದರೆ ಆತು, ಹತ್ತರ ಮಾಡಿದರೆ ಆತು, ಮೂಲ್ಯಾಗ ದಾರ ಮ್ಯಾಲೇ ಇರಬೇಕು" ಅನ್ನುತ್ತಿದ್ದಳು. ನನ್ನ ಮ್ಯಾಕ್ರೊ ಹಾಗೆ ಕಣ್ಣಳತೆ ಮಾಡುತ್ತಿರಲಿಲ್ಲ. ಹೇಳಿದಷ್ಟೇ ಉದ್ದದ ತುಂಡು ಹಾಕುತ್ತ ಹೋಗಿ ಗೆರೆ ಮುಗಿದಲ್ಲಿ ಮುಗಿಸಿಬಿಡುತ್ತಿತ್ತು. ಝೆರಾಕ್ಸ್ ಪುಸ್ತಕ ತಿರುವಿದೆ. ಗೆರೆಯ ಉದ್ದ ಮೊದಲೇ ಅಳೆದು, ಎರಡೂ ತುದಿಗೆ ತುಂಡೇ ಬರುವಂತೆ ಹಿಗ್ಗಿಸಿ ಕುಗ್ಗಿಸುವ ಆಜ್ಞೆ ಒಂದಿತ್ತು. ಓದಿದ್ದೆ, ಬೇಕಾಗಲಿಕ್ಕಿಲ್ಲ ಎಂದು ದಾಟಿಹೋಗಿದ್ದೆ.

ಫೈಲಿನ ತಲೆಯಲ್ಲಿ 'ಕೌದಿ' ಎಂಬ ಹೆಸರಿನ ಮುಂದೆ ಇದ್ದುದನ್ನು ಅಳಿಸಿ ಹೊಸದಾಗಿ ಬರೆದೆ. ಒಂದೇ ಜಾಗದಲ್ಲಿ. ಪುಟಗಳು ಒಂದೊಂದಾಗಿ ಹೊಸದಾಗಿ ಮೂಡತೊಡಗಿದವು. ಪರದೆಯ ಮೇಲೆ ಮೊದಲ ಪೆಟ್ಟಿಗೆ ಬಂತು. ಮೂಲೆ ಮುಚ್ಚಿತ್ತು. ಮುಂದಿನದೂ, ಅದರ ಮುಂದಿನದೂ. ಯಾವ ಚಿತ್ರವನ್ನೂ ನಾನು ಮುಟ್ಟಿರಲಿಲ್ಲ.

"ಕೂಡ್ಯಾದ್ರಿ! ಎಲ್ಲಾ ಕೂಡ್ಯಾವ!"

ಅವರು ಕುರ್ಚಿ ಬಿಟ್ಟು ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತರು. ಉಸಿರು ಕೇಳುತ್ತಿತ್ತು. ಪ್ರಿಂಟರಿಗೆ ಹಾಳೆ ಹಚ್ಚಿದೆ. ಮೊದಲ ಪಾಠದ ಪುಟಗಳು ಹೊರಗೆ ಬಂದವು. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದವರು ಒಮ್ಮೆಲೆ, "ನಿಲ್ಲಸು, ನಿಲ್ಲಸು" ಅಂದರು.

ಅಭ್ಯಾಸದ ಲೆಕ್ಕಗಳ ಪುಟ. ಅಲ್ಲಿ ಚಿತ್ರಗಳು ಸಣ್ಣವು. ಬೆಂಕಿಪೊಟ್ಟಣದಂಥ ಒಂದು ಪೆಟ್ಟಿಗೆಯಲ್ಲಿ ಅಡಗಿದ ಅಂಚುಗಳೆಲ್ಲ ಸಲೀಸಾಗಿ ಕಾಣುವ ಅಂಚುಗಳಾಗಿದ್ದವು. ಗೆರೆಯೇ ಗಿಡ್ಡದು. ಒಂದು ತುಂಡು ಹಾಕುವಷ್ಟರಲ್ಲಿ ತುದಿ ಬಂದು, ಬಿಡುವಿಗೆ ಜಾಗವೇ ಉಳಿಯದೆ ಗೆರೆ ಪೂರಾ ತುಂಬಿಹೋಗಿತ್ತು.

"ಹುಡುಗುರು ಇದನ್ನ ನೋಡಿ ಹಿಂದಿನ ಮೈನ ಮುಂದಿಂದು ಅಂತ ತಿಳಕೋತಾವ. ಮೊದಲಿಂದೇ ಛಲೋ ಇತ್ತು."

ಅವರ ದನಿ ಇಳಿದುಬಿಟ್ಟಿತು.  ಒಂದು ಕಡೆ ಸರಿಮಾಡಿದರೆ ಎಲ್ಲ ಕಡೆ ಸರಿಯಾಗುತ್ತದೆ ಎಂದು ಈಗಷ್ಟೇ ಹಿಗ್ಗಿದ್ದೆ, ಒಂದು ಕಡೆ ಕೆಡಿಸಿದರೂ ಎಲ್ಲ ಕಡೆ ಕೆಡುತ್ತದೆ. ದೊಡ್ಡ ಚಿತ್ರಕ್ಕೂ ಸಣ್ಣ ಚಿತ್ರಕ್ಕೂ ಒಂದೇ ಹೆಸರು ಸಾಕೆಂದು ನಾನೇ ಜಿಪುಣತನ ಮಾಡಿದ್ದೆ. ದೊಡ್ಡವರ ಕೌದಿಯ ಹೊಲಿಗೆಯನ್ನು ಯಾರಾದರೂ ಕೂಸಿನ ಕುಂಚಿಗೆಗೆ ಹಾಕುತ್ತಾರೆಯೆ? ಅಷ್ಟು ಸಣ್ಣ ತಲೆಯ ಟೊಪ್ಪಿಗೆಗೆ ಸಣ್ಣ ಹೊಲಿಗೆಯೇ ಬೇಕು.

"ನಿಮ್ಮ ಸಣ್ಣ ಚಿತ್ರದಾಗ ತುಂಡು ಎಷ್ಟುದ್ದ ಇಡ್ತಿದ್ರಿ? ಹೇಳ್ರಿ ಜಲ್ದಿ."

"ಅಳತಿ ಮಾಡಿ ಇಡ್ತಿದ್ನೇನು? ಕೈ ಇಡ್ತಿತ್ತು."

"ಕೈಗಿ ನೆನಪಿದ್ದದ್ದು ನಿಮಗೂ ಇರತದ. ತೋರಸ್ರಿ."

ಅವರು ಎಡಗೈ ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದರು. ನಡುವೆ ಒಂದು ಜೋಳದ ಕಾಳು ಹಿಡಿಯುವಷ್ಟು ಜಾಗ. "ಇದರ ಅರ್ಧ" ಅಂದರು.

'ಕುಂಚಿಗಿ' ಎಂದು ಹೊಸ ಹೆಸರು ಬರೆದೆ. ಸಣ್ಣ ಚಿತ್ರಗಳಲ್ಲಿ 'ಕೌದಿ' ಇದ್ದಲ್ಲೆಲ್ಲ ಅದನ್ನು ತೆಗೆದು 'ಕುಂಚಿಗಿ' ಇಡುತ್ತ ಹೋದೆ. ಇದು ಮಾತ್ರ ಒಂದೇ ಜಾಗದಲ್ಲಿ ಆಗುವ ಕೆಲಸವಲ್ಲ, ಪ್ರತಿಯೊಂದನ್ನೂ ಹುಡುಕಬೇಕು. ಕೌದಿ ಏನ್ರಿ, ಕುಂಚಿಗಿ ಏನ್ರಿ ಎಂದು ನಾನು ಕೇಳಿದಂತೆ ಅವರು ಚಿತ್ರ ನೋಡಿ ಹೇಳುತ್ತಿದ್ದರು, "ಇದು ಕುಂಚಿಗಿ. ಇದು ಇರಲಿ, ಕೌದಿನೇ. ಇದು ಕುಂಚಿಗಿ." ನಾನಿಟ್ಟ ಹೆಸರು ಅವರ ಬಾಯಲ್ಲಿ ಬಂದಿದ್ದು ಅದೇ ಮೊದಲು. ಅವರಿಗೆ ಗೊತ್ತಾಗಲಿಲ್ಲ.

ಮತ್ತೆ ಪ್ರಿಂಟರ್ ಕಿರುಗುಟ್ಟಿತು. ಪುಟ ಬಂದ ಹಾಗೆ ಅಂಚಿನ ತೂತಿನ ಪಟ್ಟಿ ಹರಿದು ಜೋಡಿಸುತ್ತಿದ್ದೆ. ಕೊನೆಯ ಪಾಠ ಇನ್ನೂ ಉಳಿದಿತ್ತು. ಪುಟದ ನಡುವೆ ಪ್ರಿಂಟರಿನ ತಲೆ ಗಕ್ಕನೆ ನಿಂತಿತು. ಪಂಖಾ ನಿಧಾನವಾಯಿತು. ಪರದೆ ಕಪ್ಪಾಯಿತು.

 ಅಷ್ಟೊತ್ತಿಗೆ ಹೊರಗೆ ಚಪ್ಪಲಿಯ ಸಪ್ಪಳ.

"ಮಾಸ್ತರ ಅದಾರೇನ್ರಿ?"

ಪ್ರಕಾಶಕರು ಕರ್ಚೀಫಿನಿಂದ ಕತ್ತು ಒರೆಸುತ್ತ ಒಳಗೆ ಬಂದರು. ಒಳ್ಳೆಯ ಮನುಷ್ಯ. ಬಂದವರೇ ಯಜಮಾನರ ಬಲಗೈ ನೋಡಿ, ತಟ್ಟನೆ ಗೋಡೆಯ ಕ್ಯಾಲೆಂಡರ್ ನೋಡಿದರು. ನೀರು ಕುಡಿದು, "ತೊಂದ್ರಿ ತಗೋಬ್ಯಾಡ್ರಿ ಮಾಸ್ತರ. ಸೊಲ್ಲಾಪುರದವನಿಗೆ ಮಾತಾಡೇ ಬಂದೀನಿ. ನಿಮ್ಮ ಮುಂದ ಹೇಳಿ ಹೋಗಮಂತ ಇಷ್ಟೇ" ಅಂದರು.

"ಮೊದಲು ನೋಡ್ರಲ್ಲ" ಎಂದು ಯಜಮಾನರು ಹಾಳೆ ಮುಂದೆ ಚಾಚಿದರು.

ಅವರು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ನಾನು ಚಹಾ ಸೋಸುತ್ತ ಅವರ ಬೆರಳನ್ನೇ ನೋಡುತ್ತಿದ್ದೆ. ಪುಟ ತಿರುವುವ ಬೆರಳು ನಿಧಾನವಾಯಿತು. "ಬರೋಬ್ಬರಿ ಅದಾವಲ್ಲ" ಅಂದರು. ಆಮೇಲೆ ಕೊನೆಯ ಪಾಠಕ್ಕೆ ಬಂದರು. ಅಲ್ಲಿ ಇದ್ದದ್ದು ಹಳೆಯ ಹಾಳೆಗಳು, ಮೂಲೆ ತೆರೆದವು.

"ಇವು ಬ್ಯಾರೇ ಕಾಣ್ತಾವ. ಇವನ್ನ ಯಾರು ಮಾಡ್ಯಾರ?"

"ಕರೆಂಟ್ ಹೋಗ್ಯಾದ್ರಿ ಸಾಹುಕಾರ್ರ. ಬಂದ ಕೂಡ್ಲೇ ಹೊಸದು ತೆಗದು ಕೊಡ್ತೇನಿ" ಅಂದೆ.

"ನನ್ನ ಬಸ್ಸು ಅದ ತಾಯಿ. ಪ್ರೆಸ್ಸಿನ್ಯಾಗ ಕ್ಯಾಮರಾದವ ಇವತ್ತೇ ಫೋಟೊ ಹಿಡದು ಸಣ್ಣ ಮಾಡಾವ ಇದ್ದಾನ. ನಾಳೆ ಅಂದ್ರ ಆ ಮಷೀನು ಬ್ಯಾರೇ ಕೆಲಸಕ್ಕ ಹೋಗತದ."

ಯಜಮಾನರು ಆ ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡರು. ನನ್ನ ಕಡೆ ನೋಡದೆ, "ಡಬ್ಬಿ ಇಳಸು" ಅಂದರು.

ಇಳಿಸಿದೆ. ಮೇಲೆ ಧೂಳು. ಸೆರಗಿನಿಂದ ಒರೆಸಿ ಮುಚ್ಚಳ ತೆಗೆದೆ. ಅವರು ಎಡಗೈಯಿಂದ ಇಂಕಿನ ಪೆನ್ನು ಎತ್ತಿಕೊಂಡರು.  "ಪಟ್ಟಿ ಹಿಡಿ. ಜರುಗಬಾರದು" ಅಂದರು. ನಾನು ಹಾಳೆ ಹರವಿದ ಮಣೆಯ ಪಕ್ಕ ಕೂತು ಅಳತೆಪಟ್ಟಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ.

ಮೊದಲ ಮೂಲೆ. ಪೆನ್ನಿನ ತುದಿ ಕಾಗದದ ಮೇಲೆ ಗಾಳಿಯಲ್ಲೇ ಸುತ್ತಿತು, ಇಳಿಯಲಿಲ್ಲ. ಒಂದು ಹನಿ ಜಾರಿ ಅವರ ಬೆರಳಿಗೆ ಬಿತ್ತು. ಹಾಳೆಯ ಮೇಲೆ ಬಿದ್ದಿದ್ದರೆ ಮುಗಿದಿತ್ತು. ಪ್ರಕಾಶಕರು ಚಹಾದ ಬಸಿ ತುಟಿಯ ಹತ್ತಿರ ಹಿಡಿದು ಹಾಗೇ ಕೂತಿದ್ದರು. ಯಜಮಾನರು ಉಸಿರು ಹಿಡಿದರು. ಪೆನ್ನು ಇಳಿಯಿತು, ಪಟ್ಟಿಗೆ ತಾಗಿ ಒಂದು ಎಳ್ಳಿನಷ್ಟು ಸರಿಯಿತು, ಎದ್ದಿತು. ಮೂಲೆ ಕೂಡಿತು.

ಪಟ್ಟಿ ತಿರುಗಿಸಿದೆ. ಇನ್ನೊಂದು. ಮತ್ತೊಂದು. ಒಂದು ಕಡೆ ಗೆರೆ ಸ್ವಲ್ಪ ದಾಟಿತು. ಅವರು ಬ್ಲೇಡಿನಿಂದ ಕೆರೆದು ಉಗುರಿನಿಂದ ತಿಕ್ಕಿದರು. ಮನೆಯಲ್ಲಿ ಆ ಕೆರೆತದ ಸದ್ದೊಂದೇ. ಕೊನೆಯ ಪಿರಮಿಡ್ಡಿನ ಬುಡ ಮುಗಿದಾಗ ನನ್ನ ಬೆರಳುಗಳಿಗೆ ಜೋಮು ಹಿಡಿದಿತ್ತು.

ಪ್ರಕಾಶಕರು ಹಾಳೆಗಳನ್ನು ಬೆಳಕಿಗೆ ಹಿಡಿದರು. ಹೊಸದರ ಪಕ್ಕ ಇದನ್ನಿಟ್ಟು ನೋಡಿದರು. "ಫರಕ್ ಕಾಣವಲ್ದು" ಅಂದರು. ಬ್ಯಾಗಿನಲ್ಲಿ ಹಾಳೆಗಳನ್ನು ಮಡಿಕೆ ಬೀಳದಂತೆ ಇಟ್ಟು, ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಚಿತ್ರ ಅಂತ ಒಳಗಿನ ಪುಟದಾಗ ನಿಮ್ಮ ಹೆಸರೇ ಇರತದ ಮಾಸ್ತರ. ಸೊಲ್ಲಾಪುರದವನಿಗೆ ನಾ ಹೇಳ್ತೀನಿ" ಅಂದರು. ಬಸ್ಸಿನ ಹಾರ್ನು ಕೇಳಿ ಓಡಿದರು.

ಇಳಿಹೊತ್ತಿಗೆ ಕರೆಂಟು ಬಂತು. ನಿಂತಿದ್ದ ಪಂಖಾ ತಿರುಗಿತು. ಡಬ್ಬಿಯನ್ನು ಮೇಲಿಡಲು ಹೋದೆ. "ಅಲ್ಲೇ ಇರಲಿ, ಕೈಗಿ ಸಿಗಂಗ" ಅಂದರು. ಅವರು ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಸೋಪು, ನೀರು ಇಟ್ಟಿದ್ದೆ. ಮುಟ್ಟಿರಲಿಲ್ಲ. ಎಡಗೈಯ ಮೂರು ಬೆರಳಿಗೆ ಇಂಕು ಒಣಗಿ ಹಿಡಿದಿತ್ತು. ಆ ಕೈಯನ್ನು ತೊಡೆಯ ಮೇಲೆ ಹರವಿಕೊಂಡು, ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸುತ್ತಿದ್ದರು.

ಪಕ್ಕದ ಅಕ್ಕ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಂದಳು. ಹಾಕಿಕೊಟ್ಟೆ. ಹೋಗುತ್ತ ಕಟ್ಟೆಯ ಹತ್ತಿರ ಅರೆಗಳಿಗೆ ನಿಂತು ಅವರ ಕೈ ನೋಡಿದಳು.

"ಅಯ್ಯ, ಕೈಯೆಲ್ಲ ಮಸಿ ಮಾಡ್ಕೊಂಡೀರಲ್ರಿ ಮಾಸ್ತರ. ಲಿಂಬಿಹಣ್ಣು ಹಚ್ಚಿ ತಿಕ್ಕೊಳ್ರಿ, ನಾಳಿತನ ಇರಂಗಿಲ್ಲ."