ಕಿಸೆಯ ರಿವಾಲ್ವರ್, ಒಂದು ಅಕ್ಷತೆ ಕಾಳು

ಜಯಂತ ಕಟ್ಟಿ ತೀರಿಕೊಂಡು ಆರು ತಿಂಗಳಾದ ಮೇಲೆ ಅವರ ಹೆಂಡತಿ ಅನಸೂಯಾ ಆಸ್ಟಿನ್ನಿನಲ್ಲಿದ್ದ ಸತೀಶನಿಗೆ ಫೋನ್ ಮಾಡಿದರು.

"ಅದನ್ನ ನೀವು ಒಯ್ದುಬಿಡ್ರಿ ಸತೀಶ್. ನನಗ ಮುಟ್ಟಲಿಕ್ಕಾಗವಲ್ದು."

ಯಾವುದನ್ನು ಎಂದು ಸತೀಶ ಕೇಳಲಿಲ್ಲ. ಶನಿವಾರ ಬರುತ್ತೇನೆ ಅಂದ. ಫೋನ್ ಇಡುವ ಮೊದಲು ಅವರು ಇನ್ನೊಂದು ಮಾತು ಸೇರಿಸಿದರು: "ನಿಮ್ಮನ್ನ ಒಂದು ಕೇಳೂದೂ ಅದ. ಬಂದಾಗ ಕೇಳ್ತೀನಿ."

ಆ ಕೊನೆಯ ಮಾತು ಸತೀಶನನ್ನು ನಾಲ್ಕು ದಿನ ಕಾಡಿತು. ಜಯಂತರ ಪುಟ್ಟ ರಿವಾಲ್ವರಿನ ಬಗ್ಗೆ ಒಂದು ಸಂಗತಿಯನ್ನು ಅನಸೂಯಾರಿಗೆ ಎಂದೂ ಹೇಳುವುದಿಲ್ಲವೆಂದು ಅವನು ಎಂಟು ವರ್ಷದ ಹಿಂದೆ ಮಾತು ಕೊಟ್ಟಿದ್ದ. ಮಾತು ತೆಗೆದುಕೊಂಡವರು ಈಗ ಇಲ್ಲ. ಸತ್ತವರಿಗೆ ಕೊಟ್ಟ ಮಾತು ಬದುಕಿದ್ದವರಿಗೆ ಕೊಟ್ಟದ್ದಕ್ಕಿಂತ ಭಾರ. ಬಿಡಿಸಿಕೊಳ್ಳೋಣವೆಂದರೆ ಕೇಳಲು ಯಾರೂ ಇರುವುದಿಲ್ಲ.

ಅಂಗೈ ಮುಚ್ಚಿದರೆ ಕಾಣದಷ್ಟು ಸಣ್ಣ ರಿವಾಲ್ವರ್ ಅದು. ಐದು ಗುಂಡಿನದು. ಮರದ ಹಿಡಿ ಎರಡು ಬೆರಳಿಗೆ ಸಾಲುವಷ್ಟು. ಮೊದಲ ಸಲ ನೋಡಿದಾಗ ಸತೀಶ ಅದನ್ನು ಸಿಗರೇಟ್ ಲೈಟರ್ ಅಂದುಕೊಂಡು, "ಜಯಂತಣ್ಣ, ಯಾವಾಗಿಂದ ಶುರುಮಾಡಿದ್ರಿ?" ಎಂದು ಕೇಳಿದ್ದ. ಜಯಂತ ಬಹಳ ಹೊತ್ತು ನಕ್ಕಿದ್ದರು.

ಜಯಂತ ಗದಗಿನ ಕಡೆಯವರು. ನೆಲದಲ್ಲಿ ಹೂತ ಗ್ಯಾಸಿನ ಕೊಳವೆಗಳಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ಅವರ ಕೆಲಸ. ಮೊದಲು ಹ್ಯೂಸ್ಟನ್ನಿನ ಒಂದು ಕಂಪನಿಯಲ್ಲಿದ್ದರು. ಐವತ್ತು ದಾಟಿದ ಮೇಲೆ ಅದನ್ನು ಬಿಟ್ಟು ಸ್ವಂತ ಕಾಂಟ್ರಾಕ್ಟ್ ಹಿಡಿದರು. ಡ್ಯಾಲಸ್ಸಿನ ಕಡೆ ಹೋಗುವ ಕೊಳವೆ ಸಾಲಿನ ಉದ್ದಕ್ಕೂ ಹುಲ್ಲಿನ ನಡುವೆ ಹಳದಿ ಕಂಬಗಳಿರುತ್ತವೆ. ಒಂದೊಂದು ಕಂಬದ ಹತ್ತಿರವೂ ನಡೆದು ಹೋಗಿ, ಅದರ ಪೆಟ್ಟಿಗೆ ತೆರೆದು, ತಂತಿಗೆ ಮೀಟರ್ ಹಚ್ಚಿ ಓದಬೇಕು. ಪೆಟ್ಟಿಗೆಯೊಳಗೆ ಕಣಜಗಳು ಗೂಡು ಕಟ್ಟಿರುತ್ತವೆ, ಬುಡದ ನೆರಳಿನಲ್ಲಿ ಹಾವು ಮಲಗಿರುತ್ತದೆ. ಒಂದು ಬೇಸಿಗೆಯಲ್ಲಿ ವಾಲ್ವ್ ಗುಂಡಿಯ ಮುಚ್ಚಳ ಎತ್ತಿದಾಗ ತಾಮ್ರದ ಬಣ್ಣದ ವಿಷದ ಹಾವೊಂದು ಅವರ ಬೂಟಿನ ಮೇಲೆಯೇ ಹಾದುಹೋಯಿತು. ಮರುವಾರ ರಿವಾಲ್ವರ್ ಕೊಂಡರು. ಲೈಸೆನ್ಸ್ ತೆಗೆಸಿದರು, ಗುರಿ ಕಲಿಸುವ ಕ್ಲಾಸಿಗೂ ಹೋದರು.

ಗುಂಡು ಕೂರುವ ಐದು ಮನೆಗಳಲ್ಲಿ ಮೊದಲ ಮೂರಕ್ಕೆ ಹಾಕುತ್ತಿದ್ದದ್ದು ಸಾಸಿವೆಗಿಂತ ಸಣ್ಣ ಸೀಸದ ಕಾಳು ತುಂಬಿದ ಗುಂಡು. ನಾಲ್ಕೈದು ಅಡಿಯೊಳಗೆ ಹಾವಿಗೋ ಇಲಿಗೋ ತಾಗಬೇಕು, ಅದರಾಚೆ ಉಪಯೋಗವಿಲ್ಲ. ಕೊನೆಯ ಎರಡು ಮಾತ್ರ ನಿಜವಾದ ಗುಂಡು.

"ಅವೆರಡು ಯಾರಿಗೆ?" ಎಂದು ಸತೀಶ ಒಮ್ಮೆ ಕೇಳಿದ.

"ನನ್ನ ಧೈರ್ಯಕ್ಕ. ಹತ್ತು ಮೈಲಿ ಒಬ್ಬ ಮನಷ್ಯಾ ಕಾಣಂಗಿಲ್ಲ ಅಲ್ಲಿ."

"ಕಾಡುಹಂದಿ ಬಂದ್ರೆ?"

"ಇದರಾಗ ಹೊಡದ್ರ ಹಂದಿ ತುರಿಸಿದ್ದಕ್ಕ ಥ್ಯಾಂಕ್ಯೂ ಅಂತಂದು ಹೋಗ್ತದ."

ಹನ್ನೊಂದು ವರ್ಷದಲ್ಲಿ ಅವರು ಹೊಡೆದದ್ದು ನಾಲ್ಕೇ ಸಲ. ಎರಡು ನೀರುಹಾವು, ಒಂದು ಕಣಜದ ಗೂಡು, ಕೊನೆಯದು ಸ್ವಂತ ಗರಾಜಿನ ಇಲಿ. ಇಲಿಗಿಟ್ಟ ಗುರಿ ವಾಟರ್ ಹೀಟರಿನ ತಗಡಿಗೆ ಬಿತ್ತು. ಇಲಿ ಆಮೇಲೂ ಮೂರು ವಾರ ಅಲ್ಲೇ ಇತ್ತು. ಅನಸೂಯಾ ಮಾತ್ರ ಮೂರು ದಿನ ಮಾತಾಡಲಿಲ್ಲ.

ಅನಸೂಯಾರಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಅವರು ಹ್ಯೂಸ್ಟನ್ನಿನ ಪಕ್ಕದ ಮಿಸೌರಿ ಸಿಟಿಯ ಔಷಧದಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಒಂದು ಮಾತ್ರೆ ಹೆಚ್ಚಾದರೆ ಏನಾಗುತ್ತದೆಂದು ಬಲ್ಲವರು. ಮೊದಲ ಎರಡು ತಿಂಗಳು ರಿವಾಲ್ವರ್ ಮನೆಯೊಳಗೆ ಬರಲು ಬಿಡಲಿಲ್ಲ. ಹಾಗಂತ ಗಂಡ ಬರಿಗೈಯಲ್ಲಿ ಆ ಹುಲ್ಲಿನಲ್ಲಿ ನಡೆಯುವುದನ್ನು ನೆನೆದರೂ ನಿದ್ದೆ ಬರುತ್ತಿರಲಿಲ್ಲ. ಆ ವರ್ಷದ ನವರಾತ್ರಿಯಲ್ಲಿ ಅವರೇ ಒಂದು ದಾರಿ ಕಂಡುಕೊಂಡರು. ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ, ದಿನ ಮಣೆಯ ಮೇಲೆ ಈಳಿಗೆ, ಸ್ಕ್ರೂಡ್ರೈವರ್, ಮೀಟರು, ಕಾರಿನ ಕೀಲಿ ಎಲ್ಲ ಇಟ್ಟು, ಪಕ್ಕದಲ್ಲಿ ಗುಂಡು ತೆಗೆದ ರಿವಾಲ್ವರನ್ನೂ ಇಡಿಸಿದರು. ಗಂಧ ಹಚ್ಚಿ, ಕುಂಕುಮ ಇಟ್ಟು, ಅಕ್ಷತೆ ಹಾಕಿದರು.

"ನನ್ನ ಕುಂಕುಮ ಹತ್ತೇದ. ಇನ್ನ ಅದು ನಿಮ್ಮ ಕೈಯಾಗ ಎಂದೂ ತಪ್ಪೂದಿಲ್ಲ," ಅಂದರು. ಅವತ್ತಿನಿಂದ ಅವರಿಗೆ ನಿದ್ದೆ ಬಂತು.

ಸತೀಶ ಮೈಸೂರಿನವನು, ಆಸ್ಟಿನ್ನಿನಲ್ಲಿ ಸಾಫ್ಟ್‌ವೇರ್ ಕೆಲಸ. ಈ ಮನೆಯ ಸ್ನೇಹ ಅವನಿಗೆ ಬೆಳೆದದ್ದೇ ದಸರೆಯಿಂದ. ಬನ್ನಿ ಕೊಟ್ಟು 'ಬಂಗಾರದಂಗ ಇರೋಣು' ಎನ್ನದೆ ಜಯಂತರಿಗೆ ದಸರೆ ಮುಗಿಯುತ್ತಿರಲಿಲ್ಲ. ಟೆಕ್ಸಸ್ಸಿನಲ್ಲಿ ಬನ್ನಿ ಎಲ್ಲಿಂದ ಬರಬೇಕು? ಇಲ್ಲಿನ ಬಯಲಿನಲ್ಲಿ ಬೆಳೆಯುವ ಮೆಸ್ಕೀಟ್ ಎಂಬ ಮುಳ್ಳಿನ ಮರ ಬನ್ನಿಯ ಹತ್ತಿರದ ಸಂಬಂಧಿಯೆಂದು ಅವರು ಎಲ್ಲೋ ಓದಿದ್ದರು. ಅದೇ ಗರಿಯಂಥ ಎಲೆ, ಅದೇ ಮುಳ್ಳು. "ನಮ್ಮ ಬನ್ನಿಯ ಕಾಕಾನ ಮಗಾ ಇದು, ನಮಗಿಂತ ಮೊದ್ಲ ಇಲ್ಲಿ ಬಂದು ಕೂತಾನ," ಅನ್ನುತ್ತಿದ್ದರು. ಡ್ಯಾಲಸ್ಸಿನ ಡಾಕ್ಟರ್ ಚಿದಾನಂದರು ಆಸ್ಟಿನ್ನಿನ ಪಶ್ಚಿಮಕ್ಕೆ ಇಪ್ಪತ್ತು ಎಕರೆ ಕೊಂಡು ಹಾಗೇ ಬಿಟ್ಟಿದ್ದರು. ಪ್ರತಿ ದಸರೆಗೆ ಜಯಂತ ಹ್ಯೂಸ್ಟನ್ನಿನ ಅಂಚಿನ ಕೇಟಿಯ ಮನೆಯಿಂದ ಬೆಳಿಗ್ಗೆ ಹೊರಟು, ಸತೀಶನನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಕಡಿದ ರೆಂಬೆಗಳಲ್ಲಿ ಒಂದು ಚೀಲ ಸತೀಶ ಡ್ಯಾಲಸ್ಸಿಗೆ ಒಯ್ಯಬೇಕು, ಇನ್ನೊಂದು ಚೀಲ ಜಯಂತರು ಹ್ಯೂಸ್ಟನ್ನಿಗೆ. ಸಂಜೆಯೊಳಗೆ ಎರಡೂ ಊರಿನ ನಲವತ್ತು ಮನೆಗೆ ಬನ್ನಿ ತಲುಪುತ್ತಿತ್ತು.

ಎಂಟು ವರ್ಷದ ಹಿಂದಿನ ದಸರೆಯಲ್ಲೂ ಹಾಗೇ ಹೋಗಿದ್ದರು. ಬಿಸಿಲು ಏರಿತ್ತು. ಸತೀಶ ಕಡಿದು ಬಿದ್ದ ರೆಂಬೆ ಆಯುತ್ತ ಒಂದು ಚಪ್ಪಟೆ ಕಲ್ಲಿನ ಹತ್ತಿರ ಬಗ್ಗಿದ. ಒಣ ಅವರೆಕಾಯಿ ಅಲ್ಲಾಡಿಸಿದಂಥ ಸದ್ದು ಕೇಳಿಸಿತು.

"ಸತೀಶಾ, ಇದ್ದಲ್ಲೆ ಇರು. ಕೈ ಎತ್ತಬ್ಯಾಡ."

ಕಲ್ಲಿನ ಪಕ್ಕದಲ್ಲಿ, ಅವನ ಮೊಣಕಾಲಿಗೆ ಎರಡಡಿ ದೂರದಲ್ಲಿ, ಬಾಲದಲ್ಲಿ ಗಿಲಕಿಯಿರುವ ವಿಷದ ಹಾವು ಸುರುಳಿ ಸುತ್ತಿ ಕೂತಿತ್ತು. ಬಾಲ ಕಾಣದಷ್ಟು ವೇಗವಾಗಿ ಅದುರುತ್ತಿತ್ತು. ಜಯಂತ ಎರಡು ಹೆಜ್ಜೆ ಪಕ್ಕಕ್ಕೆ ಬಂದು ಕಿಸೆಯಿಂದ ರಿವಾಲ್ವರ್ ತೆಗೆದರು. ಅದು ಹೊಡೆಯಬೇಕಾದರೆ ಪ್ರತಿ ಸಲವೂ ಹಿಂದಿರುವ ಹ್ಯಾಮರ್ ಎಂಬ ಪುಟ್ಟ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಪೂರ್ತಿ ಎಳೆಯಬೇಕು. ಎಳೆದರು. ಅರ್ಧಕ್ಕೆ ನಿಂತಿತು. ಬಿಟ್ಟು ಮತ್ತೆ ಎಳೆದರು. ಮತ್ತೆ ಅರ್ಧ.

ಸತೀಶ ಹಾವನ್ನು ನೋಡುತ್ತಿರಲಿಲ್ಲ, ಜಯಂತರ ಮುಖ ನೋಡುತ್ತಿದ್ದ. ಆ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವರು ರಿವಾಲ್ವರನ್ನು ಕನ್ನಡಕ ಮಡಿಚಿಟ್ಟಂತೆ ವಾಪಸ್ಸು ಕಿಸೆಗೆ ಹಾಕಿ, ಚಹಾ ಕೇಳುವ ದನಿಯಲ್ಲಿ ಹೇಳಿದರು: "ಬಲಗಾಲು ಹಿಂದ. ಸಾವಕಾಶ. ಹಾಂ. ಈಗ ಎಡಗಾಲು. ಅವಸರ ಏನಿಲ್ಲ, ಡ್ಯಾಲಸ್ಸಿನವ್ರು ಕಾಯ್ತಾರ. ಮತ್ತ ಬಲಗಾಲು."

ಏಳನೆಯ ಹೆಜ್ಜೆಗೆ ಸದ್ದು ನಿಂತಿತು. ಹಾವು ಸುರುಳಿ ಬಿಚ್ಚಿ, ಯಾರದೋ ಮನೆಯಿಂದ ಊಟ ಮುಗಿಸಿ ಹೊರಟವರಂತೆ ಕಲ್ಲಿನ ಕೆಳಗೆ ಸರಿದುಹೋಯಿತು.

ಆಮೇಲೆ ಇಬ್ಬರೂ ಪಿಕಪ್ ಟ್ರಕ್ಕಿನ ಹಿಂಬಾಗಿಲು ಇಳಿಸಿ ಅದರ ಮೇಲೆ ಕೂತರು. ಜಯಂತ ಗುಂಡುಗಳನ್ನು ತೆಗೆದು, ರಿವಾಲ್ವರನ್ನು ಬಿಸಿಲಿಗೆ ಹಿಡಿದರು. ಸಂದಿಯಲ್ಲೆಲ್ಲ ಗಂಧ ಒಣಗಿ ಗಾರೆಯಂತೆ ಅಂಟಿತ್ತು. ಹ್ಯಾಮರಿನ ಬುಡದಲ್ಲಿ ಹಳದಿ ಅಕ್ಷತೆಯ ಒಂದು ಕಾಳು ಸಿಕ್ಕಿಕೊಂಡಿತ್ತು. ಅವರು ಮೆಸ್ಕೀಟಿನ ಮುಳ್ಳೊಂದನ್ನು ಮುರಿದು ಅದನ್ನು ಮೀಟಿ ತೆಗೆದರು.

"ಬೆಳಿಗ್ಗೆ ಗುಂಡು ತುಂಬೂವಾಗ ಗಂಧ ಕಂಡಿತ್ತೋ," ಅಂದರು. "ಮೂವತ್ತು ವರ್ಷ ಆತು, ತುಕ್ಕು ಹಿಡಿದ ವಾಲ್ವ್ ಬಿಡಿಸೂದ ನನ್ನ ಹೊಟ್ಟಿಪಾಡು. ಕಂಡರೂ ಒರಸಲಿಲ್ಲ. ಬನ್ನಿ ಕೊಡೂ ತನಕಾ ಪೂಜಾದ ಕುಂಕುಮ ಅಳಸಬಾರ್ದು ಅಂತ ನಮ್ಮವ್ವ ಹೇಳ್ತಿದ್ಲು."

ಸತೀಶನಿಗೆ ನಗು ಬಂತು. ನಗು ನಿಲ್ಲಲಿಲ್ಲ, ಕೊನೆಗೆ ಕಣ್ಣಲ್ಲಿ ನೀರು ಬಂತು.

"ನಗು, ನಗು. ಮೈಸೂರಿನವ್ರು ಲ್ಯಾಪ್‌ಟಾಪಿಗೆ ಕುಂಕುಮಾ ಹಚ್ಚಿ ಸೋಮವಾರ ಕೀಬೋರ್ಡ್ ಕೆಟ್ಟದ ಅಂತ ಅಳೋರು." ಮುಳ್ಳನ್ನೂ ಅಕ್ಷತೆಯ ಕಾಳನ್ನೂ ಪ್ಯಾಂಟಿನ ಕಿಸೆಗೆ ಹಾಕಿಕೊಂಡು, "ಅನಸೂಗ ಹೇಳಬ್ಯಾಡ," ಅಂದರು.

"ಹೇಳಲ್ಲ."

"ಎಂದೂ ಹೇಳಬ್ಯಾಡ. ಆ ಪೂಜಾ ಮ್ಯಾಲೆ ನಿದ್ದಿ ಮಾಡ್ತಾಳ ಆಕಿ. ತನ್ನ ಕೈಯಿಂದನ ಹಿಂಗಾತು ಅಂತ ಗೊತ್ತಾದ್ರ ಮತ್ತ ಮಲಗೂದಿಲ್ಲ."

ಸತೀಶ ಮಾತು ಕೊಟ್ಟ. ಮುಂದಿನ ವರ್ಷಗಳಲ್ಲೂ ಪೂಜೆ ನಡೆಯಿತು. ಜಯಂತ ಭಕ್ತಿಯಿಂದ ಕೈ ಮುಗಿಯುತ್ತಿದ್ದರು. ದಸರೆಯ ಬೆಳಿಗ್ಗೆ ಗರಾಜಿಗೆ ಹೋಗಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರಿವಾಲ್ವರನ್ನು ತಿಕ್ಕಿ, ಎಣ್ಣೆ ಬಿಟ್ಟು, ಹ್ಯಾಮರನ್ನು ಐದು ಸಲ ಎಳೆದು ನೋಡಿ ಹೊರಡುತ್ತಿದ್ದರು. ಆಸ್ಟಿನ್ನಿನಲ್ಲಿ ಪಿಕಪ್ಪಿನಿಂದಿಳಿದ ಕೂಡಲೇ ಸತೀಶನಿಗೆ, "ಇವತ್ತ ಸ್ನಾನ ಆಗೇದ ಅದರದ್ದು," ಅನ್ನುತ್ತಿದ್ದರು.

ಅವರನ್ನು ಕೊಂಡೊಯ್ದದ್ದು ಹಾವಲ್ಲ. ಮಾರ್ಚಿನ ಒಂದು ಬೆಳಿಗ್ಗೆ ಕೇಟಿಯ ಮನೆಯ ಹಿತ್ತಿಲಲ್ಲಿ ಮೆಂತ್ಯದ ಮಡಿಗೆ ನೀರು ಬಿಡುತ್ತಿದ್ದಾಗ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಆಂಬುಲೆನ್ಸಿನವರು ಕಿಸೆಯಲ್ಲಿದ್ದದ್ದನ್ನೆಲ್ಲ ತೆಗೆದು ಅನಸೂಯಾರ ಕೈಗೆ ಕೊಟ್ಟರು. ಕನ್ನಡಕದ ಡಬ್ಬಿ, ಕರವಸ್ತ್ರ, ಕೀಲಿ. ಅಂದು ರಿವಾಲ್ವರ್ ಇರಲಿಲ್ಲ. ಹಿತ್ತಿಲಿಗೆ ಏಕೆ ಬೇಕು?

ಶನಿವಾರ ಸತೀಶ ಕೇಟಿಗೆ ತಲುಪಿದಾಗ ಹನ್ನೊಂದು ಗಂಟೆ. ಮರುದಿನವೇ ಎರಡೂ ಊರುಗಳಲ್ಲಿ ಬನ್ನಿ ಕೊಡುವುದು. ವರ್ಷ ತುಂಬದ ಮನೆ, ಹಬ್ಬವಿಲ್ಲ. ಪ್ರತಿ ವರ್ಷ ಮಣೆ ಇಡುತ್ತಿದ್ದ ಜಾಗ ಖಾಲಿಯಿತ್ತು. ಅನಸೂಯಾ ಅವಲಕ್ಕಿ ಕೊಟ್ಟರು, ಅವನು ತಿನ್ನುವವರೆಗೆ ಎದುರು ಕೂತರು. ಆಮೇಲೆ ಒಂದು ಬಿಸ್ಕೀಟಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ರಿವಾಲ್ವರ್, ಎಣ್ಣೆಯ ಬಾಟಲಿ, ಎಳೆಗಳು ಕೆಂಪಾದ ಬ್ರಷ್ಷು.

"ಕೇಳಲ್ಯಾ?"

"ಕೇಳಿ ವೈನಿ." ಅತ್ತಿಗೆಯನ್ನು ವೈನಿ ಅನ್ನುವುದನ್ನು ಸತೀಶ ಕಲಿತದ್ದು ಈ ಮನೆಯಲ್ಲೇ.

"ಒಂದು ದಸರಾದಾಗ ಅದು ನಡೀಲಿಲ್ಲ. ಹೌದಲ್ರೀ?"

ಸತೀಶ ಸುಳ್ಳು ಹೇಳಬಹುದಿತ್ತು. ಆ ನಾಲ್ಕು ದಿನ ಅದನ್ನೇ ಅಭ್ಯಾಸ ಮಾಡಿದ್ದ.

"ಯಾರು ಹೇಳಿದ್ರು?"

"ಅವರ ಪ್ಯಾಂಟ್ ಹೇಳ್ತು. ಒಗೀಲಿಕ್ಕ ಹಾಕೂವಾಗ ಕಿಸೇದಾಗ ಒಂದು ಮುಳ್ಳು ಇತ್ತು, ಅದರ ಜೋಡಿ ಒಂದು ಅಕ್ಷತಿ ಕಾಳು. ಕಾಳಿಗೆ ರಿವಾಲ್ವರಿನ ಎಣ್ಣಿ ಹತ್ತಿತ್ತು. ಔಷಧದ ಅಂಗಡ್ಯಾಗ ಮೂವತ್ತು ವರ್ಷ ದುಡದೀನ್ರಿ, ಎರಡು ಕೂಡಿಸಿ ಓದಲಿಕ್ಕ ಬರ್ತದ ನನಗ."

"ಮತ್ತೆ ಅವರನ್ನ ಕೇಳಲಿಲ್ಲ?"

"ಏನಂತ ಕೇಳ್ಲಿ? ನನಗ ಗೊತ್ತಾಗಬಾರ್ದು ಅಂತ ಅಷ್ಟು ಒದ್ದಾಡ್ತಿದ್ರು. ಮುಂದಿನ ವರ್ಷದಿಂದ ನಾ ಗಂಧ ಹಿಡಿಕಿಗೆ ಅಷ್ಟ ಹಚ್ಚಿದೆ. ಅಕ್ಷತಿ ಹಾಕಿದಂಗ ಮಾಡಿ ಮೀಟರಿನ ಮ್ಯಾಲೆ ಹಾಕ್ತಿದ್ದೆ. ಆದ್ರೂ ಗರಾಜಿನ್ಯಾಗ ನಿಂತು ತಿಕ್ಕಿದ್ದೇ ತಿಕ್ಕಿದ್ದು. ಬಾಗಲಾ ಸಂದಿಂದ ನೋಡ್ತಿದ್ದೆ." ಅವರು ಬ್ರಷ್ಷನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟರು. "ನಿದ್ದಿ ಮಾಡಿದೇನಿ, ಚಿಂತಿ ಮಾಡಬ್ಯಾಡ್ರಿ. ಅಷ್ಟು ತಿಕ್ಕಿ ಹೋಗೋರಿಗೆ ಏನಾಗ್ತದ ಅಂತ ನಿದ್ದಿ ಮಾಡಿದೆ. ನನಗ ಬೇಕಾಗಿದ್ದು ಬ್ಯಾರೆ. ಅವತ್ತ ಏನಾತು, ಅದನ್ನ ಹೇಳ್ರಿ. ಅವರ ಬಾಯಿಂದ ಕೇಳೂದು ಆಗಲಿಲ್ಲ."

ಸತೀಶ ಹೇಳಿದ. ಬಿಸಿಲು, ಚಪ್ಪಟೆ ಕಲ್ಲು, ಅರ್ಧಕ್ಕೆ ನಿಂತ ಹ್ಯಾಮರು, ಕನ್ನಡಕ ಮಡಿಚಿಟ್ಟಂತೆ ಅದನ್ನು ಕಿಸೆಗೆ ಹಾಕಿದ್ದು. ಹೇಳುತ್ತ ಹೇಳುತ್ತ ಅವನಿಗೆ ಆ ದನಿಯೇ ಕೇಳಿಸತೊಡಗಿತು. ಒಂದೊಂದು ಹೆಜ್ಜೆಯನ್ನೂ ಬಿಡದೆ ಹೇಳಿದ.

"ಮೊದ್ಲ ಬಲಗಾಲ ಅಂದ್ರಾ?" ಎಂದು ಅನಸೂಯಾ ಕೇಳಿದರು.

"ಹೌದು. ಬಲಗಾಲು."

"ಹಾವಿನ ಮುಂದೂ!" ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆರು ತಿಂಗಳಲ್ಲಿ ಆ ಮನೆಯಲ್ಲಿ ಸತೀಶ ಕೇಳಿದ ಮೊದಲ ನಗು ಅದು. "ಈ ಮನಿ ತಗೊಂಡಾಗ ಬಾಗಲದಾಗ ನನ್ನ ನಿಲ್ಲಿಸಿ ಹಿಂಗ ಅಂದಿದ್ರು. ಅವಸರ ಇಲ್ಲ, ಬಲಗಾಲು ಮೊದ್ಲ ಅಂತ."

ಅವನು ಹೊರಟಾಗ ಬಾಗಿಲಿನವರೆಗೆ ಬಂದರು. "ನಾಳೆ ಹೋಗ್ತೀರಲ್ಲ ಬನ್ನಿಗೆ?"

ಹೋಗಬೇಕೋ ಬೇಡವೋ ಎಂದು ಸತೀಶ ಅಲ್ಲಿಯವರೆಗೆ ತೀರ್ಮಾನಿಸಿರಲಿಲ್ಲ. "ಹೋಗ್ತೀನಿ ವೈನಿ."

"ನಮ್ಮ ಮನ್ಯಾಗ ಹಬ್ಬ ಇಲ್ಲ. ಆದ್ರೂ ಒಂದು ರೆಂಬಿ ತರ್ರಿ, ಅವರ ಫೋಟೋದ ಮುಂದ ಇಡ್ತೀನಿ. ಅದನ್ನ ತಿಕ್ಕಿಕೊಂಡು ಹೋಗ್ರಿ."

ಮರುದಿನ ಬೆಳಿಗ್ಗೆ ಸತೀಶ ತನ್ನ ಗರಾಜಿನಲ್ಲಿ ನಿಂತು ಆ ಕೆಂಪು ಬ್ರಷ್ಷಿನಿಂದ ರಿವಾಲ್ವರನ್ನು ತಿಕ್ಕಿದ. ಈ ವರ್ಷ ಅದಕ್ಕೆ ಯಾರೂ ಕುಂಕುಮ ಇಟ್ಟಿರಲಿಲ್ಲ. ತಿಕ್ಕಲು ಏನೂ ಇರಲಿಲ್ಲ. ಆದರೂ ತಿಕ್ಕಿದ. ಎಣ್ಣೆ ಬಿಟ್ಟು, ಹ್ಯಾಮರನ್ನು ಐದು ಸಲ ಎಳೆದು ನೋಡಿದ. ಐದು ಸಲವೂ ಪೂರ್ತಿ ಹಿಂದಕ್ಕೆ ಬಂತು.