ಹಟ್ಟಿ ಅಂದರೆ ಯಾವ ಹಟ್ಟಿ

ನನ್ನ ಚಿಕ್ಕಪ್ಪ ಸೌದಿಗೆ ಹೋಗಿ ಹದಿನಾರು ವರ್ಷ ಕುರಿ ಕಾಯ್ದು ಬಂದವನು. ಹಿರಿಯೂರು ಸೀಮೆಯ ನಮ್ಮ ಹಟ್ಟಿಯಲ್ಲಿ ಕುರಿ ಬಿಟ್ಟು, ವಿಮಾನ ಹತ್ತಿ ಹೋಗಿ ಅಲ್ಲೂ ಕುರಿಯನ್ನೇ ಕಾಯ್ದನಲ್ಲ ಎಂದು ಜನ ನಗುತ್ತಿದ್ದರು. ನಾನು ಹಿರಿಯೂರಿನಲ್ಲಿ ಕನ್ನಡ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಅವನ ಕಥೆ ಬರೆದಿಡಬೇಕೆಂಬ ಹುಕಿ ಹತ್ತಿತು.

"ನಂದೇನು ಕಥೆನಮ್ಮ, ಕುರಿ ಮೇಸಿದೆ, ಬಂದೆ," ಅನ್ನುತ್ತಿದ್ದ. ಎಲೆಅಡಿಕೆ ಕೊಟ್ಟರೆ ಮಾತು ಹೊರಡುತ್ತಿತ್ತು, ಅದೂ ಹಿಂದುಮುಂದಿಲ್ಲದೆ. ಒಂದು ದಿನ ಹೇಳಿದ: "ಹಟ್ಟ್ಯಾಗೆ ನೀರಿನ ಲಾರಿ ಬಂತು ಅಂದ್ರೆ ಆ ಹುಡುಗಿ ಓಡಿಬರೋದು. ನನ್ ಕೈ ಹಿಡ್ಕಂಡ್ರೆ ಬಿಡ್ತಿರ್ಲಿಲ್ಲ ನೋಡು." ಹೇಳುತ್ತ ತನ್ನ ಅಂಗೈ ನೋಡಿಕೊಂಡ. ಮರುದಿನ ಕೂತು ಅದನ್ನು ಅಚ್ಚುಕಟ್ಟಾಗಿ ತಿದ್ದಿ ಬರೆದೆ.

ಅವನಿಗೆ ಒಬ್ಬಳೇ ಮಗಳು. ಅವನು ಹೋದಾಗ ಅಂಬೆಗಾಲಿಡುತ್ತಿದ್ದಳು, ವಾಪಸು ಬಂದಾಗ ಹೈಸ್ಕೂಲು ಮುಗಿಸಿದ್ದಳು. ಇಬ್ಬರ ನಡುವೆ "ಉಂಡ್ಯಾ?" "ಹೂಂ" ಬಿಟ್ಟರೆ ಬೇರೆ ಮಾತಿರಲಿಲ್ಲ. ಆಮೇಲೆ ಅವಳು ಹೊಸದುರ್ಗಕ್ಕೆ ಮದುವೆಯಾಗಿ ಹೋದಳು. ಚಿಕ್ಕಪ್ಪ ತೀರಿಕೊಂಡ ಮೇಲೆ ಒಮ್ಮೆ ನನ್ನ ಮನೆಗೆ ಬಂದಾಗ ಆ ಪುಟ ಓದಿ ಹೇಳಿದೆ. ಬಿಕ್ಕಿ ಬಿಕ್ಕಿ ಅತ್ತಳು. "ಇದು ಅಪ್ಪನೇ ಹೇಳಿದ್ದಾ ಅಕ್ಕ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಹೌದೆಂದೆ. ನನಗೆ ಒಳಗೊಳಗೇ ಹೆಮ್ಮೆ. ಆ ಹಾಳೆಯ ನಕಲು ಬೇಕೆಂದಳು, ಬರೆದಿಡುತ್ತೇನೆ ಎಂದೆ.

ನಕಲು ಮಾಡಲು ಕೂತಾಗ ಪಕ್ಕದ ಪುಟದ ಒಂದು ಸಾಲು ಕಣ್ಣಿಗೆ ಬಿತ್ತು: ನಮ್ಮ ಹಟ್ಟಿಯಿಂದ ಸಮುದ್ರ ಒಂದು ದಿನದ ದಾರಿ. ನಮ್ಮ ಹಟ್ಟಿಯಿಂದ ಒಂದು ದಿನ ನಡೆದರೆ ಜೋಗಿಮಟ್ಟಿ ಬೆಟ್ಟ ಸಿಕ್ಕೀತು, ಸಮುದ್ರವಲ್ಲ! ಚಿಕ್ಕಪ್ಪ ಹೇಳುವಾಗ ಗೀಚಿಕೊಂಡಿದ್ದ ಪುಸ್ತಕ ತೆಗೆದೆ. ಅವನು ಬರೀ 'ಹಟ್ಟಿ' ಅಂದಿದ್ದ, 'ನಮ್ಮ' ಸೇರಿಸಿದವಳು ನಾನು. ಸೌದಿಯ ಮರಳಿನ ಮೇಲೆ ಕುರಿ ಕಟ್ಟಿದ ಬಿಡಾರವೂ ಅವನಿಗೆ ಹಟ್ಟಿಯೇ ಆಗಿತ್ತು. ಇನ್ನು 'ಆ ಹುಡುಗಿ'ಯನ್ನು 'ನನ್ನ ಮಗಳು' ಎಂದು ತಿದ್ದಿದ್ದೂ ನಾನೇ. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕೈ ನೋಡಿ, ಸುಮ್ಮನಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಲ್ಲಿನ ಧಣಿಗೆ ಒಂದು ಹೆಣ್ಣುಮಗುವಿತ್ತೆಂದು ಬೇರೊಂದು ಪುಟದಲ್ಲಿದೆ. ಹಾಗಾದರೆ ಅವಳೇ ಇರಬೇಕು. ಆದರೆ ಬೇಸಿಗೆಯಲ್ಲಿ ನೀರಿನ ಲಾರಿ ನಮ್ಮ ಹಟ್ಟಿಗೂ ಬರುತ್ತಿತ್ತಲ್ಲ? ಅವನು ನಡುವೆ ಒಂದೇ ಒಂದು ಸಲ ರಜೆಗೆ ಬಂದಿದ್ದ, ಆಗ ಮಗಳಿಗೆ ಆರು ವರ್ಷ. ಅದು ಬೇಸಿಗೆಯೇ? ಹಟ್ಟಿಗೆ ಹೋಗಿ ವಿಚಾರಿಸಿದೆ. ನಮ್ಮ ಅತ್ತೆ, "ಬ್ಯಾಸಗೇನೇ ಕಣಮ್ಮ," ಎಂದಳು. ಅತ್ತೆಯ ಗಂಡ, "ಏ, ಮಳೆ ಮುಗ್ದು ಶೇಂಗಾ ಕೀಳೋ ಟೈಮು," ಎಂದ. ನನಗೆ ತಲೆ ಚಿಟ್ಟು ಹಿಡಿಯಿತು. ಒಮ್ಮೆ 'ಮಗಳು' ಹೊಡೆದುಹಾಕಿದೆ, ಮತ್ತೆ ಅದರ ಮೇಲೆಯೇ ಬರೆದೆ.

ಹೊಸದುರ್ಗದಿಂದ ತಂಗಿ ಹಾಳೆ ಒಯ್ಯಲು ಬಂದಳು. ಸುಳ್ಳು ಹೇಳಲು ಆಗಲಿಲ್ಲ. ನಾನು ತಿದ್ದಿದ್ದನ್ನೆಲ್ಲ ತಡವರಿಸುತ್ತ ಹೇಳಿದೆ.

"ನೀನು ಓದ್ದಾಗ್ಲೇ ಗೊತ್ತಾಯ್ತು ಕಣಕ್ಕ, ಅದು ನಾನಲ್ಲ ಅಂತ," ಎಂದಳು. "ಅಪ್ಪ ರಜಕ್ಕೆ ಬಂದಾಗ ಕೈ ಚಾಚಿದ್ರೆ ಹೆದ್ರಿ ಹಿತ್ಲಿಗೆ ಓಡೋಗ್ತಿದ್ದೆ. ಯಾರೋ ಗಂಡಸು ಅಂತ."

ಹಾಗಾದರೆ ಅವತ್ತು ಅಷ್ಟು ಅತ್ತದ್ದು ಯಾತಕ್ಕೆ? ಕೇಳಬೇಕೆನಿಸಿತು. ಆದರೆ ಯಾವುದನ್ನು ಬರೆದುಕೊಡಲಿ ಎಂದಷ್ಟೇ ಕೇಳಿದೆ.

"ಅಪ್ಪ ಹೇಳ್ದಂಗೇ ಬರ್ಕೊಡು," ಎಂದಳು. "ಅಲ್ಲಿ ಆ ಹುಡುಗಿಯಾದ್ರೂ ಅಪ್ಪನ ಕೈ ಹಿಡ್ಕಂಡ್ಲಲ್ಲ."